ಹುಲಿ, ಪುಲಿ ಮತ್ತು ಶಿಕ್ಷಕರ ಸಿದ್ಧತೆ

ನಮ್ಮ ವಿಭಾಗದಲ್ಲಿ ಐಚ್ಛಿಕ ಕನ್ನಡವನ್ನು ಆರಿಸಿಕೊಳ್ಳುವವರಲ್ಲಿ ಹೆಚ್ಚಿನವರು ಶಾಲಾ ಶಿಕ್ಷಕರಾಗಬೇಕೆಂದು ಬಯಸುವವರು. ಅವರಲ್ಲಿ ಒಬ್ಬರಾದರೂ ಪ್ರತಿ ವರ್ಷ ಕೇಳುವ ಪ್ರಶ್ನೆಯೊಂದಿದೆ: ‘ಶಾಲೆಯಲ್ಲಿ ಕಲಿಸುವವರಿಗೆ ಈ ಹಳಗನ್ನಡ ಏತಕ್ಕೆ?’ ನಾನು ಇದುವರೆಗೆ ಕೊಡುತ್ತ ಬಂದ ಉತ್ತರಗಳು ನನಗೇ ಪೂರ್ಣ ಸಮಾಧಾನ ತಂದಿರಲಿಲ್ಲ. ಕಳೆದ ವರ್ಷ ಕಾರಿಮಂಗಲಂಗೆ ಹೋಗಿಬಂದ ಮೇಲೆ ಒಂದು ಉತ್ತರ ದೊರೆತಿದೆ. ಅದನ್ನು ಇಲ್ಲಿ ವಿವರಿಸುತ್ತೇನೆ.

ಕಾರಿಮಂಗಲಂ ಕೃಷ್ಣಗಿರಿಯಿಂದ ಧರ್ಮಪುರಿಗೆ ಹೋಗುವ ಹೆದ್ದಾರಿಯ ಮೇಲಿನ ಊರು; ಗುಡ್ಡದ ಮೇಲಿನ ಅರುಣಾಚಲೇಶ್ವರ ದೇವಾಲಯಕ್ಕೆ ಹೆಸರಾದದ್ದು. 1965ರವರೆಗೆ ಈ ಸೀಮೆಯೆಲ್ಲ ಸೇಲಂ ಜಿಲ್ಲೆಗೆ ಸೇರಿತ್ತು. ಆ ವರ್ಷ ಧರ್ಮಪುರಿ ಪ್ರತ್ಯೇಕ ಜಿಲ್ಲೆಯಾಯಿತು. ಕನ್ನಡ ಇಲ್ಲಿಗೆ ನಿನ್ನೆ ಮೊನ್ನೆ ಬಂದದ್ದಲ್ಲ. ನೊಳಂಬರ ಕಾಲದ, 9ನೆಯ ಶತಮಾನದ ಕನ್ನಡ ಶಾಸನಗಳು ಧರ್ಮಪುರಿಯಲ್ಲಿ ದೊರೆತಿವೆ. ಇಂದಿಗೂ ಈ ಭಾಗದ ಹಲವು ಮನೆಗಳಲ್ಲಿ ಕನ್ನಡವೇ ಮಾತು. ಶಾಲೆ ಮಾತ್ರ ತಮಿಳು.

ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಮದುವೆಯಾಗಿ ಅಲ್ಲಿಯ ಕನ್ನಡದ ಮನೆಯೊಂದನ್ನು ಸೇರಿದ್ದಾಳೆ. ಅವಳ ಮಗಳು ಒಂದನೆಯ ತರಗತಿ. ಮೊದಲ ಕೆಲವು ತಿಂಗಳು ಮಗು ತರಗತಿಯಲ್ಲಿ ಬಾಯಿ ಬಿಡಲಿಲ್ಲವಂತೆ. ಕಲಿಕೆಯಲ್ಲಿ ಹಿಂದಿದ್ದಾಳೆ ಎಂದು ಶಿಕ್ಷಕಿ ತಾಯಿಯನ್ನು ಕರೆದು ಹೇಳಿದರು. ಹುಲಿಯ ಚಿತ್ರ ತೋರಿಸಿ ‘ಇದೇನು?’ ಎಂದಾಗ ಮಗು ‘ಹುಲಿ’ ಎಂದಿತ್ತು. ಉಳಿದ ಮಕ್ಕಳು ನಕ್ಕಿದ್ದರು. ಹಾಲಿನ ಚಿತ್ರಕ್ಕೂ ಹೂವಿನ ಚಿತ್ರಕ್ಕೂ ಹೀಗೆಯೇ ಆಗಿ, ಮಗು ಮೌನವನ್ನು ಕಲಿತುಕೊಂಡಿತ್ತು.

ತಾಯಿ ಐಚ್ಛಿಕ ಕನ್ನಡ ಓದಿದವಳು. ತಮಿಳಿನಲ್ಲಿ ಹುಲಿ ‘ಪುಲಿ’, ಹಾಲು ‘ಪಾಲ್’, ಹೂ ‘ಪೂ’, ಹಲ್ಲು ‘ಪಲ್’, ಹತ್ತು ‘ಪತ್ತು’, ಹೆಸರು ‘ಪೆಯರ್’. ಪಂಪನ ಕಾಲದ ಕನ್ನಡದಲ್ಲಿಯೂ ಇವು ಪುಲಿ, ಪಾಲ್, ಪೂ, ಪತ್ತು ಎಂದೇ ಇದ್ದವು. ಮುಂದೆ ಕನ್ನಡದ ಪಕಾರ ಹಕಾರವಾಯಿತು. ತಮಿಳಿನಲ್ಲಿ ಹಾಗೆಯೇ ಉಳಿಯಿತು. ಕೇಶಿರಾಜನ ಶಬ್ದಮಣಿದರ್ಪಣವೂ ಈ ಬದಲಾವಣೆಯನ್ನು ಗುರುತಿಸಿದೆ. ಮಗು ತಪ್ಪು ಹೇಳುತ್ತಿರಲಿಲ್ಲ; ನಿಯಮವೊಂದರ ಒಂದು ದಡದಲ್ಲಿ ನಿಂತಿತ್ತು, ಅಷ್ಟೆ. ಪರೀಕ್ಷೆಗೆಂದು ಐದು ಅಂಕದ ಟಿಪ್ಪಣಿಯಾಗಿ ಬಾಯಿಪಾಠ ಮಾಡಿದ್ದ ವಿಷಯವನ್ನು ಆ ತಾಯಿ ಒಂದು ಹಾಳೆಯಲ್ಲಿ ಎರಡು ಸಾಲಾಗಿ ಬರೆದು ಶಿಕ್ಷಕಿಯ ಕೈಗಿತ್ತಳು.

ಆ ಶಿಕ್ಷಕಿ ತರಬೇತಿ ಪಡೆದವರೇ, ಶ್ರದ್ಧೆಯುಳ್ಳವರೇ. ಮಾತೃಭಾಷೆಯ ಮಹತ್ವವನ್ನು ಕುರಿತು ಅವರೂ ಓದಿದ್ದರು. ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯ ಕಲ್ಪಿಸಬೇಕೆಂದು ರಾಜ್ಯಗಳಿಗೆ ಹೇಳುತ್ತದೆ. ಅದೂ ಅವರಿಗೆ ಗೊತ್ತಿತ್ತು. ಗೊತ್ತಿಲ್ಲದಿದ್ದುದು ಒಂದೇ: ತಮ್ಮ ಎದುರಿಗಿರುವ ಮಗು ‘ಹುಲಿ’ ಎಂದಾಗ ಅದರ ಹಿಂದೆ ಏನಿದೆ ಎಂಬುದು.

ಅಮೆರಿಕದ ಶಿಕ್ಷಣತಜ್ಞ ಲೀ ಶುಲ್ಮನ್ 1986ರಲ್ಲಿ ಈ ಬಗೆಯ ಅರಿವಿಗೆ ಪ್ರತ್ಯೇಕ ಸ್ಥಾನ ಕೊಟ್ಟರು. ವಿಷಯಜ್ಞಾನ ಒಂದು, ಬೋಧನೆಯ ಸಾಮಾನ್ಯ ವಿಧಾನಗಳ ಜ್ಞಾನ ಇನ್ನೊಂದು. ಇವೆರಡೂ ಇದ್ದು ಕಲಿಸಲು ಬಾರದವರನ್ನು ನಾವೆಲ್ಲ ಕಂಡಿದ್ದೇವೆ. ಒಂದು ವಿಷಯವನ್ನು ಕಲಿಯುವಾಗ ಮಕ್ಕಳು ಎಲ್ಲಿ ಎಡವುತ್ತಾರೆ, ಏಕೆ ಎಡವುತ್ತಾರೆ, ಅಲ್ಲಿ ಯಾವ ಉದಾಹರಣೆ ನೆರವಾಗುತ್ತದೆ ಎಂಬ ತಿಳಿವಳಿಕೆ ಮೂರನೆಯದು. ವೈದ್ಯರಿಗೆ ರೋಗಲಕ್ಷಣ ಹೇಗೋ ಶಿಕ್ಷಕರಿಗೆ ಮಗುವಿನ ತಪ್ಪು ಹಾಗೆ.

ಇದನ್ನು ಓದುವಾಗಲೆಲ್ಲ ನನಗೆ ನನ್ನದೇ ಬಾಲ್ಯ ನೆನಪಾಗುತ್ತದೆ. ಗಡಿಭಾಗದ ಹಳ್ಳಿಯಲ್ಲಿ ಮೊದಲ ನಾಲ್ಕು ವರ್ಷ ಮರಾಠಿ ಶಾಲೆಯಲ್ಲಿ ಓದಿ ಐದನೆಯ ಇಯತ್ತೆಗೆ ಕನ್ನಡ ಶಾಲೆಗೆ ಬಂದವನು ನಾನು. ಮಳೆಗಾಲದ ಮೇಲೆ ಬರೆದ ಪ್ರಬಂಧದಲ್ಲಿ ‘ನಮ್ಮೂರ ಕೇರೆ ತುಂಬಿದೆ’ ಎಂದು ಬರೆದಿದ್ದೆ. ಕೆರೆ ಹಾವಾಗಿ ಹರಿದಾಡಿದ್ದಕ್ಕೆ ತರಗತಿಯೆಲ್ಲ ನಕ್ಕಿತು. ಮಾಸ್ತರರು ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದರು. ‘ಖುರ್ಚಿ ಬಿದ್ದಳು’ ಎಂದದ್ದಕ್ಕೂ ಅದೇ ಶಿಕ್ಷೆ. ಮರುವರ್ಷ ಬಂದ ಇನ್ನೊಬ್ಬ ಗುರುಗಳು ನಿಲ್ಲಿಸಲಿಲ್ಲ, ಕೇಳಿದರು: ‘ಮರಾಠಿ ಒಳಗ ಖುರ್ಚಿ ಗಂಡೋ ಹೆಣ್ಣೋ?’ ಹೆಣ್ಣು ಎಂದೆ. ಮರಾಠಿಯಲ್ಲಿ ಅಚೇತನ ವಸ್ತುಗಳಿಗೂ ಮೂರು ಲಿಂಗಗಳಲ್ಲಿ ಒಂದು ಇರುತ್ತದೆ. ಕನ್ನಡದಲ್ಲಿ ಅವೆಲ್ಲ ನಪುಂಸಕ. ಮರಾಠಿಯ ಬರಹದಲ್ಲಿ ಎ–ಏ, ಒ–ಓ ಎಂಬ ಭೇದವಿಲ್ಲ. ಕನ್ನಡದಲ್ಲಿ ಆ ಭೇದ ತಪ್ಪಿದರೆ ಕೆರೆ ಕೇರೆಯಾಗುತ್ತದೆ, ಕೊಡು ಕೋಡಾಗುತ್ತದೆ. ಹ್ರಸ್ವಕ್ಕೆ ಒಂದು ಚಪ್ಪಾಳೆ, ದೀರ್ಘಕ್ಕೆ ಎರಡು ಎಂದು ಒಂದು ವಾರ ಓದಿಸಿದರು. ಆಮೇಲೆ ಆ ತಪ್ಪು ನನ್ನಿಂದ ಆಗಲಿಲ್ಲ. ಇಬ್ಬರೂ ಒಂದೇ ತರಬೇತಿ ಪಡೆದವರು ಎಂಬುದನ್ನು ಗಮನಿಸಬೇಕು.

ಹಾಗಾದರೆ ಆ ಎರಡನೆಯವರನ್ನು ಸಿದ್ಧಗೊಳಿಸುವುದು ಹೇಗೆ? ನೀವು ಮುಂದೆ ದಾಟಬೇಕಾದ ಹಾದಿಯನ್ನು ಮೊದಲು ಹೇಳಿಬಿಡುತ್ತೇನೆ. 2014ರ ನಿಯಮಗಳ ನಂತರ ಬಿ.ಎಡ್. ಎರಡು ವರ್ಷದ್ದಾಗಿದೆ, ಅದರಲ್ಲಿ 20 ವಾರ ಶಾಲೆಗಳಲ್ಲಿ ಕಳೆಯಬೇಕು. ಒಂದರಿಂದ ಐದನೆಯ ತರಗತಿಗೆ ಕಲಿಸಲು ಬಿ.ಎಡ್. ಸಲ್ಲದು, ಡಿ.ಎಲ್.ಎಡ್. ಬೇಕೆಂಬುದನ್ನು 2023ರಲ್ಲಿ ಸರ್ವೋಚ್ಚ ನ್ಯಾಯಾಲಯ ಸ್ಪಷ್ಟಪಡಿಸಿದೆ. ಶಿಕ್ಷಕರ ಅರ್ಹತಾ ಪರೀಕ್ಷೆ 150 ಅಂಕದ್ದು. ಸಾಮಾನ್ಯ ವರ್ಗದವರಿಗೆ 90 ಬೇಕು. ಇವೆಲ್ಲ ಬಾಗಿಲು ದಾಟುವ ಅರ್ಹತೆಗಳು. ಒಳಗೆ ಬಂದ ಮೇಲೆ ಕಾರಿಮಂಗಲಂನ ಶಿಕ್ಷಕಿಯಂತೆ ಪ್ರತಿಯೊಬ್ಬರೂ ಒಂಟಿ.

ಒಂಟಿತನವನ್ನು ಕಳೆದ ಪ್ರಯತ್ನಗಳೂ ನಮ್ಮಲ್ಲಿವೆ. 19ನೆಯ ಶತಮಾನದಲ್ಲಿ ಮುಂಬಯಿ ಪ್ರಾಂತ್ಯದ ಕನ್ನಡ ಜಿಲ್ಲೆಗಳ ಶಾಲೆಗಳಲ್ಲಿ ಮರಾಠಿಯೇ ನಡೆಯುತ್ತಿದ್ದಾಗ, ಡೆಪ್ಯುಟಿ ಚೆನ್ನಬಸಪ್ಪನವರು ಕನ್ನಡ ಶಾಲೆಗಳ ಜೊತೆಗೆ ಕನ್ನಡದಲ್ಲಿ ಕಲಿಸಬಲ್ಲ ಶಿಕ್ಷಕರನ್ನೂ ಸಿದ್ಧಗೊಳಿಸಿದರು. 1860ರ ದಶಕದಲ್ಲಿ ಬೆಳಗಾವಿಯಿಂದ ಶಿಕ್ಷಕರಿಗಾಗಿಯೇ ‘ಮಠಪತ್ರಿಕೆ’ ಹೊರಟಿತು; ಹೆಸರು ಬದಲಿಸಿಕೊಂಡು ‘ಜೀವನ ಶಿಕ್ಷಣ’ವಾಗಿ ಮುಂದುವರಿಯಿತು. ದೂರದ ಹಳ್ಳಿಯ ಒಬ್ಬ ಮಾಸ್ತರನ ಅನುಭವ ಮತ್ತೊಬ್ಬನಿಗೆ ತಲುಪಲು ಆಗ ಅಂಚೆಯೊಂದೇ ದಾರಿ.

ಹೆಚ್ಚು ತಿಳಿಯಬೇಕಾದದ್ದು ನಲಿ–ಕಲಿ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರದ ಋಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿಬಂದು ತಮ್ಮ ಮಕ್ಕಳಿಗೆ ಬೇಕಾದ ಕಲಿಕಾ ಕಾರ್ಡುಗಳನ್ನು ತಾವೇ ಕುಳಿತು ರಚಿಸಿದರು. ಅ, ಆ, ಇ, ಈ ಎಂಬ ಕ್ರಮವನ್ನು ಬಿಟ್ಟು ರ, ಗ, ಸ, ದ, ಅ ಎಂದು ಆರಂಭಿಸಿದರು. ಬರೆಯಲು ಸುಲಭ ಎಂಬುದು ಒಂದು ಕಾರಣ. ಇನ್ನೊಂದನ್ನು ನೀವೇ ಪರೀಕ್ಷಿಸಿ: ಈ ಐದೇ ಅಕ್ಷರಗಳಿಂದ ಸರ, ಅರಸ, ಗರಗಸ, ದರ ಎಂದು ಮಗು ಕೆಲವೇ ದಿನಗಳಲ್ಲಿ ಪದಗಳನ್ನು ಓದತೊಡಗುತ್ತದೆ. ವರ್ಣಮಾಲೆಯ ಕ್ರಮ ವೈಯಾಕರಣಿಗೆ ಸೊಗಸು. ಆರು ವರ್ಷದ ಮಗುವಿಗೆ ಬೇಕಾದದ್ದು ಓದಿದೆನೆಂಬ ಸಂತೋಷ. ಈ ವ್ಯತ್ಯಾಸವನ್ನು ಕಂಡುಕೊಂಡ ಶಿಕ್ಷಕರೇ ಆ ವರ್ಷಗಳಲ್ಲಿ ಬೆಳೆದರು.

ತಮಿಳುನಾಡಿನಲ್ಲಿ 2003ರಲ್ಲಿ ಚೆನ್ನೈ ಮಹಾನಗರಪಾಲಿಕೆಯ ಶಾಲೆಗಳಲ್ಲಿ ಆರಂಭವಾಗಿ ರಾಜ್ಯಕ್ಕೆಲ್ಲ ಹಬ್ಬಿದ ಚಟುವಟಿಕೆ ಆಧಾರಿತ ಕಲಿಕೆಯ ಬೇರೂ ಅದೇ ಋಷಿವ್ಯಾಲಿ. ಎರಡೂ ರಾಜ್ಯಗಳಲ್ಲಿ ತೊಡಕು ಒಂದೇ ಬಗೆಯದು. ಕೆಲವರು ತಾವೇ ಕಂಡುಕೊಂಡದ್ದು ಸಾವಿರಾರು ಶಾಲೆಗಳಿಗೆ ಸುತ್ತೋಲೆಯಾಗಿ ಹೋದಾಗ ಕಾರ್ಡು ತಲುಪಿತು, ಅದನ್ನು ರಚಿಸುವಾಗ ನಡೆದ ಚರ್ಚೆ ತಲುಪಲಿಲ್ಲ. ಕಾರ್ಡು ಹೀಗೇಕೆ ಇದೆ ಎಂದು ತಿಳಿಯದವರು ಅದನ್ನು ತಮ್ಮ ತರಗತಿಗೆ ತಕ್ಕಂತೆ ತಿದ್ದಲಾರರು. ಧರ್ಮಪುರಿ ಸೀಮೆಯಲ್ಲಿ ಹ–ಪ ಕಾರ್ಡೊಂದು ಬೇಕೆಂದು ರಾಜಧಾನಿಯಲ್ಲಿ ಯಾರಿಗೆ ಹೊಳೆದೀತು?

ಜಪಾನಿನ ಶಿಕ್ಷಕರಲ್ಲಿ ಒಂದು ರೂಢಿಯಿದೆ. ನಾಲ್ಕೈದು ಜನ ಸೇರಿ ಒಂದೇ ಒಂದು ಪಾಠವನ್ನು ಯೋಜಿಸುತ್ತಾರೆ; ಒಬ್ಬರು ಕಲಿಸುವಾಗ ಉಳಿದವರು ಶಿಕ್ಷಕರನ್ನಲ್ಲ, ಮಕ್ಕಳನ್ನು ಗಮನಿಸುತ್ತಾರೆ; ಬಳಿಕ ಕುಳಿತು ಪಾಠವನ್ನು ತಿದ್ದುತ್ತಾರೆ. ನಮ್ಮಲ್ಲಿಯೂ ಸಮೂಹ ಸಂಪನ್ಮೂಲ ಕೇಂದ್ರಗಳಿವೆ, ಸಮಾಲೋಚನಾ ಸಭೆಗಳಿವೆ. ನಾನು ಕಂಡ ಕೆಲವು ಸಭೆಗಳಲ್ಲಿ ಅಂಕಿಅಂಶ ತುಂಬುವ ನಮೂನೆಗಳೇ ಹೆಚ್ಚು ಹೊತ್ತನ್ನು ನುಂಗಿದ್ದವು. ರಾಷ್ಟ್ರೀಯ ಶಿಕ್ಷಣ ನೀತಿ 2020 ಪ್ರತಿ ಶಿಕ್ಷಕರಿಗೆ ವರ್ಷಕ್ಕೆ 50 ಗಂಟೆಗಳ ವೃತ್ತಿ ಅಭಿವೃದ್ಧಿಯನ್ನು ಹೇಳುತ್ತದೆ. ಅದರಲ್ಲಿ ಹತ್ತು ಗಂಟೆಯಾದರೂ ಮಕ್ಕಳ ನೋಟುಬುಕ್ಕನ್ನು ಮೇಜಿನ ಮೇಲಿಟ್ಟುಕೊಂಡು ಮಾತನಾಡಲು ಸಿಕ್ಕರೆ ನಾನು ಸಂತೋಷಪಡುವೆ.

ತರಬೇತಿಯ ಅವಧಿಯಲ್ಲಿ ಶಾಲೆಗೆ ಹೋಗುವವರಿಗೆ ನನ್ನದೊಂದು ಕೋರಿಕೆ. ಪಾಠಯೋಜನೆಯ ಪುಸ್ತಕದ ಜೊತೆಗೆ ಇನ್ನೊಂದು ನೋಟುಬುಕ್ಕನ್ನು ಇಟ್ಟುಕೊಳ್ಳಿ. ಮಕ್ಕಳು ಮಾಡಿದ ತಪ್ಪನ್ನು ಅವರು ಹೇಳಿದಂತೆಯೇ, ತಿದ್ದದೆ ಬರೆದುಕೊಳ್ಳಿ. ಎದುರಿಗೆ ಮನೆಮಾತು ಯಾವುದೆಂದು ಗುರುತಿಸಿ. ತಮಿಳು ಲಿಪಿ ಕಲಿತು ಬಂದ ಮಗು ಗಾಡಿಯನ್ನು ‘ಕಾಡಿ’ ಎಂದು ಬರೆದರೆ, ತಮಿಳಿನಲ್ಲಿ ಕಕಾರ–ಗಕಾರಗಳಿಗೆ ಒಂದೇ ಅಕ್ಷರವೆಂಬುದು ನಿಮಗೆ ನೆನಪಾಗಬೇಕು. ಕಾರಣ ತಿಳಿಯದ ತಪ್ಪುಗಳನ್ನು ವಿಭಾಗಕ್ಕೆ ತನ್ನಿ, ಕೂಡಿ ನೋಡೋಣ.

ಕಾರಿಮಂಗಲಂನ ಆ ಶಿಕ್ಷಕಿ ಅಂಥದೊಂದು ನೋಟುಬುಕ್ಕನ್ನು ಇಟ್ಟಿದ್ದಾರೆ. ತಾಯಿ ಕೊಟ್ಟ ಪಟ್ಟಿ ಅದರ ಮೊದಲ ಪುಟದಲ್ಲಿದೆ. ಕನ್ನಡದ ಮನೆಗಳಿಂದ ಬರುವ ಮಕ್ಕಳನ್ನು ಜೊತೆಗೆ ಕೂರಿಸಿ ‘ಮನೆಯಲ್ಲಿ ಹುಲಿ, ಇಲ್ಲಿ ಪುಲಿ’ ಎಂಬ ಆಟ ಆಡಿಸುತ್ತಾರೆ. ಬಾ–ವಾ, ಬಾಯಿ–ವಾಯ್, ಬೇರು–ವೇರ್ ಎಂಬ ಎರಡನೆಯ ಪಟ್ಟಿಯನ್ನು ಮಕ್ಕಳಿಂದಲೇ ಕೇಳಿ ಬರೆದುಕೊಂಡಿದ್ದಾರೆ. ಬಾಯಿ ಬಿಡದಿದ್ದ ಹುಡುಗಿ ಈಗ ಆ ಆಟದ ಮುಂದಾಳು. ಈಚೆಗೆ ತಾಯಿಯಿಂದ ಫೋನು ಬಂದಿತ್ತು. ನಿಯಮ ಚೆನ್ನಾಗಿ ಮನಸ್ಸಿಗಿಳಿದು, ಮಗು ಶಾಲೆಯಲ್ಲಿ ಹನುಮಂತನನ್ನು ‘ಪನುಮಂತ’ ಎಂದಿತಂತೆ. ಶಿಕ್ಷಕಿ ನಕ್ಕು, ಅದನ್ನೂ ಬರೆದುಕೊಂಡು, ಇದಕ್ಕೆ ಏನು ಹೇಳಲಿ ಎಂದು ತಾಯಿಯನ್ನು ಕೇಳಿದ್ದಾರೆ. ತಾಯಿ ನನ್ನನ್ನು ಕೇಳಿದಳು. ಸಂಸ್ಕೃತದಿಂದ ಬಂದ ಪದಗಳಿಗೆ ಈ ನಿಯಮ ಹತ್ತುವುದಿಲ್ಲ ಎಂಬುದನ್ನು ಆರು ವರ್ಷದ ಮಗುವಿಗೆ ಹೇಗೆ ಹೇಳುವುದೆಂದು ನಾವು ಮೂವರೂ ಇನ್ನೂ ಯೋಚಿಸುತ್ತಿದ್ದೇವೆ.