ಗಿಣ್ಣಿಗಿರುವ ಮರ್ಯಾದೆ ತಾಯಿಯ ಮೊದಲ ಹಾಲಿಗೇಕಿಲ್ಲ?

ಕೃಷ್ಣರಾಜಪೇಟೆ ತಾಲ್ಲೂಕಿನ ಶೀಳನೆರೆ ಹೋಬಳಿಯ ಹಳ್ಳಿಗಳಲ್ಲಿ ರಾಗಿ, ತೆಂಗುಗಳಷ್ಟೇ ಹಸುವೂ ಮನೆಯ ಆಧಾರ. ಮಂಡ್ಯ ಜಿಲ್ಲೆಯ ಉಳಿದ ಕಡೆಗಳಂತೆ ಇಲ್ಲೂ ಹಸು ಕರು ಹಾಕಿತೆಂದರೆ ಅಕ್ಕಪಕ್ಕದವರಿಗೆಲ್ಲ ಸುದ್ದಿ. ಮೊದಲ ಕೆಲವು ದಿನಗಳ ಹಾಲನ್ನು ಡೇರಿಗೆ ಹಾಕುವಂತಿಲ್ಲ. ಕಾಯಿಸಿದರೆ ಅದು ಗಟ್ಟಿಯಾಗಿಬಿಡುತ್ತದೆ. ಬೆಲ್ಲ, ಏಲಕ್ಕಿ ಹಾಕಿ ಬೇಯಿಸಿದರೆ ಅದೇ ಗಿಣ್ಣು. ನೆಂಟರಿಗೂ ನೆರೆಯವರಿಗೂ ಹಂಚಿ ತಿನ್ನುವ ಪದಾರ್ಥ. ಆದರೆ ಮೊದಲ ಪಾಲು ಕರುವಿಗೇ ಸಲ್ಲಬೇಕು. ಗಿಣ್ಣದ ಹಾಲು ಕುಡಿಯದ ಕರು ಉಳಿಯುವುದು ಕಷ್ಟವೆಂಬುದು ಹಸು ಸಾಕಿದವರಿಗೆಲ್ಲ ಗೊತ್ತು.

ವಿಚಿತ್ರವೆಂದರೆ, ಹೆತ್ತ ತಾಯಿಯ ಗಿಣ್ಣದ ಹಾಲಿಗೆ ಇಷ್ಟು ಮರ್ಯಾದೆ ಸಿಕ್ಕಲಿಲ್ಲ. ಹೆರಿಗೆಯಾದ ಮೊದಲ ಎರಡು ಮೂರು ದಿನ ಬರುವ ಹಾಲು ಹಳದಿ ಬಣ್ಣದ್ದು, ಮಂದವಾದದ್ದು, ಅಳತೆಯಲ್ಲಿ ಬಹಳ ಕಡಿಮೆ. ಅದನ್ನು ಕೆಟ್ಟ ಹಾಲೆಂದು ಹಿಂಡಿ ಚೆಲ್ಲುವ ರೂಢಿ ನಮ್ಮ ಅನೇಕ ಮನೆಗಳಲ್ಲಿತ್ತು. ಇನ್ನೂ ಪೂರ್ತಿ ಹೋಗಿಲ್ಲ. ಬದಲಿಗೆ ಕೂಸಿನ ಬಾಯಿಗೆ ಬೀಳುತ್ತಿದ್ದುದು ಸಕ್ಕರೆ ನೀರು, ಜೇನುತುಪ್ಪ, ಹರಳೆಣ್ಣೆ.

ಶಾಸ್ತ್ರ ಹೇಳುವುದೇನು?

ಈ ರೂಢಿಗೆ ಹಳೆಯ ಆಧಾರವೂ ಇದೆ, ಹಳೆಯ ವಿರೋಧವೂ ಇದೆ. ಹಾಲು ಇಳಿಯುವುದು ಮೂರನೆಯ ಅಥವಾ ನಾಲ್ಕನೆಯ ರಾತ್ರಿ ಎಂದು ಹೇಳುವ ಸುಶ್ರುತ ಸಂಹಿತೆ, ಅಲ್ಲಿಯವರೆಗೆ ಮಗುವಿಗೆ ಜೇನು, ತುಪ್ಪಗಳನ್ನು ಸೂಚಿಸುತ್ತದೆ. ಚರಕ ಸಂಹಿತೆಯಾದರೋ, ಜಾತಕರ್ಮದ ಜೇನು ತುಪ್ಪ ನೆಕ್ಕಿಸಿದ ಮೇಲೆ ತಾಯಿಯ ಬಲ ಮೊಲೆಯನ್ನು ಮೊದಲು ಕುಡಿಸಬೇಕೆನ್ನುತ್ತದೆ. ಈ ಹಿಂಜರಿಕೆ ಭಾರತದ್ದು ಮಾತ್ರವಲ್ಲ. ಇಂಗ್ಲೆಂಡಿನಲ್ಲೂ ಮೊದಲ ಹಾಲನ್ನು ದೂರವಿಡುವ ಪದ್ಧತಿಯಿತ್ತು. ವಿಲಿಯಂ ಕಡೋಗನ್ ಎಂಬ ವೈದ್ಯ 1748ರಲ್ಲಿ ಪ್ರಕಟಿಸಿದ ಶಿಶುಪಾಲನೆಯ ಪ್ರಬಂಧದಲ್ಲಿ ಅದನ್ನು ಕಟುವಾಗಿ ಟೀಕಿಸಿ, ತಾಯಿಯ ಮೊದಲ ಹಾಲೇ ಕೂಸಿಗೆ ಸರಿಯಾದ ಆಹಾರವೆಂದು ವಾದಿಸಿದ.

ಇಂದಿನ ವೈದ್ಯ ವಿಜ್ಞಾನದ ತೀರ್ಪು ಕಡೋಗನ್ ಕಡೆಗಿದೆ. ಕರು ಹುಟ್ಟುವಾಗ ಅದರ ರಕ್ತದಲ್ಲಿ ರೋಗನಿರೋಧಕ ಅಂಶಗಳು ಇಲ್ಲವೆನ್ನುವಷ್ಟು ಕಡಿಮೆ. ಹಸುವಿನ ಗರ್ಭದಲ್ಲಿ ಅವು ತಾಯಿಯಿಂದ ಕರುವಿಗೆ ದಾಟುವುದಿಲ್ಲ. ಅದೆಲ್ಲ ಗಿಣ್ಣದಿಂದಲೇ ಬರಬೇಕು. ಮನುಷ್ಯರ ಕೂಸು ಆ ಅಂಶಗಳಲ್ಲಿ ಒಂದು ಪಾಲನ್ನು ಗರ್ಭದಲ್ಲೇ ಪಡೆದು ಬರುತ್ತದೆ. ಆದರೆ ಕರುಳಿನ ಒಳಪೊರೆಯನ್ನು ಕಾಯುವ ನಿರೋಧಕ ಅಂಶಗಳು, ಜೊತೆಗೆ ಎ ಜೀವಸತ್ವ, ಸಿಗುವುದು ಆ ಹಳದಿ ಹಾಲಿನಲ್ಲಿ. ಕೂಸಿನ ಹೊಟ್ಟೆಯೂ ಆಗ ಪುಟ್ಟದು. ಕೆಲವೇ ಚಮಚ ಅದಕ್ಕೆ ಸಾಕು. ಇನ್ನು ಜೇನುತುಪ್ಪದಲ್ಲಿ ಬೊಟುಲಿಸಂ ಎಂಬ ಅಪಾಯಕಾರಿ ಕಾಯಿಲೆಯ ಬೀಜಾಣುಗಳು ಇರಬಹುದಾದ್ದರಿಂದ ವರ್ಷ ತುಂಬುವವರೆಗೆ ಅದನ್ನು ಕೊಡಬಾರದೆಂಬುದು ಈಗಿನ ವೈದ್ಯರ ಸಲಹೆ.

‘ಹಾಲೇ ಇಲ್ಲ’ ಎಂಬ ಮಾತು

ಮನೆಯವರು ಗಾಬರಿಯಾಗುವುದು ಹಾಲಿನ ಅಳತೆ ಕಂಡು. ಹೆರಿಗೆಯಾಗಿ ಮಾಸು ಬಿದ್ದ ಮೇಲೆ ದೇಹದ ಹಾರ್ಮೋನುಗಳ ಮಟ್ಟ ಬದಲಾಗಿ, ಎರಡು ಮೂರು ದಿನಗಳಲ್ಲಿ ಹಾಲು ತುಂಬಿಕೊಳ್ಳುತ್ತದೆ. ಅಷ್ಟರೊಳಗೆ ಕೂಸು ಅತ್ತಿತೆಂದು ಆಕಳ ಹಾಲನ್ನೋ ಡಬ್ಬಿ ಹಾಲನ್ನೋ ಕೊಟ್ಟರೆ ಅದು ಹೊಟ್ಟೆ ತುಂಬಿ ಮಲಗುತ್ತದೆ, ಮೊಲೆ ಚೀಪುವುದಿಲ್ಲ. ಚೀಪಿದಷ್ಟೂ ಹಾಲು ಊರುವುದು ದೇಹದ ನಿಯಮ. ಚೀಪದಿದ್ದರೆ ಹಾಲು ಇಳಿಮುಖವಾಗುತ್ತದೆ. ‘ಹಾಲೇ ಇಲ್ಲ’ ಎಂಬ ಭಯ ಹೀಗೆ ನಿಜವಾಗಿಬಿಡುತ್ತದೆ. ಕೂಸು ಚೀಪುವುದರಿಂದ ತಾಯಿಗೂ ಉಪಕಾರವುಂಟು: ಗರ್ಭಕೋಶ ಕುಗ್ಗಿ ರಕ್ತಸ್ರಾವ ಕಡಿಮೆಯಾಗುತ್ತದೆ. ಬಾಣಂತಿಗೆ ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ ತಿನ್ನಿಸುವ ಅಜ್ಜಿಯಂದಿರ ಕಾಳಜಿ ದೊಡ್ಡದು. ಆದರೆ ಹಾಲು ತರಿಸುವ ಮುಖ್ಯ ಮದ್ದು ಕೂಸಿನ ಬಾಯಿಯೇ.

ಸೂಲಗಿತ್ತಿಯರ ಕಾಲ ಹೋಗಿ ಆಸ್ಪತ್ರೆ ಬಂದ ಮೇಲೆ ಇದೆಲ್ಲ ಸರಿಹೋಗಬೇಕಿತ್ತಲ್ಲವೇ? ಹಾಗಾಗಲಿಲ್ಲ. 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ ಶೇ. 78.9ರಷ್ಟು ಹೆರಿಗೆಗಳು ಆಸ್ಪತ್ರೆಗಳಲ್ಲಿ ಆಗಿದ್ದವು. 2019-21ರ ಸಮೀಕ್ಷೆಯಲ್ಲಿ ಅದು ಶೇ. 88.6ಕ್ಕೇರಿತು, ಕರ್ನಾಟಕದಲ್ಲಂತೂ ಶೇ. 97. ಆದರೆ ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಕುಡಿದ ಮಕ್ಕಳ ಪ್ರಮಾಣ ದೇಶದಲ್ಲಿ ಶೇ. 41.6 ಇದ್ದದ್ದು ಶೇ. 41.8 ಆಯಿತು, ಅಷ್ಟೆ. ಹೆರಿಗೆ ಆಸ್ಪತ್ರೆಗೆ ಬಂತು, ಮೊದಲ ಗಂಟೆಯ ಹಾಲು ಬರಲಿಲ್ಲ. ಹೆಚ್ಚುತ್ತಿರುವ ಸಿಸೇರಿಯನ್ ಇದಕ್ಕೊಂದು ಕಾರಣ. ತಾಯಿ ಒಂದು ಕೋಣೆಯಲ್ಲಿ, ಕೂಸು ಇನ್ನೊಂದರಲ್ಲಿ ಉಳಿದಾಗ ಹಾಲೂಡಿಸುವುದೆಂತು? ಹೊಲಿಗೆಯ ನೋವಿನಲ್ಲಿರುವ ತಾಯಿಗೆ ಕೂಸನ್ನು ಎತ್ತಿ ಎದೆಗಿಡಲು ಒಬ್ಬರು ಬೇಕು. ಆ ಒಬ್ಬರು ಸಿಕ್ಕರೆ ಸಿಸೇರಿಯನ್ ಆದ ಮೇಲೂ ಬೇಗನೆ ಹಾಲೂಡಿಸುವುದು ಸಾಧ್ಯ.

ಡಬ್ಬಿಯ ಮೇಲೆ ಕೂಸಿಲ್ಲ

ಡಬ್ಬಿ ಹಾಲಿನ ಕಥೆ ಬೇರೆಯೇ. ಹೆನ್ರಿ ನೆಸ್ಲೆ 1867ರಲ್ಲಿ ಶಿಶು ಆಹಾರವನ್ನು ಮಾರುಕಟ್ಟೆಗೆ ತಂದ. ಇಪ್ಪತ್ತನೆಯ ಶತಮಾನದಲ್ಲಿ ಇಂಥ ಆಹಾರ ಬಡ ದೇಶಗಳಿಗೂ ಹರಡಿತು. ಶುದ್ಧ ನೀರಿಲ್ಲದ ಮನೆಗಳಲ್ಲಿ, ಹಣ ಉಳಿಸಲು ನೀರು ಹೆಚ್ಚಿಸಿ ಕಲಸಿದ ಹಾಲಿನಿಂದ ಮಕ್ಕಳು ಭೇದಿಗೆ, ಅಪೌಷ್ಟಿಕತೆಗೆ ತುತ್ತಾದಾಗ ಜಗತ್ತಿನಲ್ಲಿ ಪ್ರತಿಭಟನೆಗಳೆದ್ದವು. 1981ರಲ್ಲಿ ವಿಶ್ವ ಆರೋಗ್ಯ ಸಭೆ ಇದರ ಮಾರಾಟಕ್ಕೆ ನೀತಿ ಸಂಹಿತೆ ರೂಪಿಸಿತು. ಪರವಾಗಿ 118 ಮತ, ವಿರುದ್ಧ ಅಮೆರಿಕದ ಒಂದೇ ಮತ. ಭಾರತ 1992ರಲ್ಲಿ ಕಾನೂನನ್ನೇ ತಂದು, 2003ರಲ್ಲಿ ಅದನ್ನು ಬಿಗಿಗೊಳಿಸಿತು. ಅದರಂತೆ ಶಿಶು ಹಾಲಿನ ಪುಡಿಗೆ ಜಾಹೀರಾತು ಕೂಡದು. ಡಬ್ಬಿಯ ಮೇಲೆ ತಾಯಿಯದಾಗಲಿ, ಕೂಸಿನದಾಗಲಿ ಚಿತ್ರವಿರಕೂಡದು.

ಆದರೆ ಕಾನೂನು ಡಬ್ಬಿಯನ್ನು ತಡೆದೀತೇ ಹೊರತು ತಾಯಿಗೆ ಬಿಡುವು ತಂದುಕೊಡದು. 1961ರ ಹೆರಿಗೆ ಸೌಲಭ್ಯ ಕಾಯ್ದೆ ಕೊಟ್ಟಿದ್ದ 12 ವಾರಗಳ ರಜೆ 2017ರಲ್ಲಿ 26 ವಾರವಾಯಿತು. ಆರು ತಿಂಗಳು ಎದೆಹಾಲೊಂದೇ ಸಾಕು, ನೀರೂ ಬೇಡ ಎಂಬ ವೈದ್ಯರ ಸಲಹೆಗೆ ಇದು ಸರಿಹೊಂದುತ್ತದೆ. ಕಚೇರಿಯ ಉದ್ಯೋಗಿಗೆ ಇದು ವರ. ಕಬ್ಬಿನ ಗದ್ದೆಯ ಕೂಲಿಯಾಳಿಗೆ? ಆಕೆಗೆ ಸಂಬಳದ ರಜೆ ಕೊಡುವ ಧಣಿಯಿಲ್ಲ. 2017ರಲ್ಲಿ ಜಾರಿಗೆ ಬಂದ ಮಾತೃವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ ಸಿಗುವುದು 5,000 ರೂಪಾಯಿ. ಆರು ತಿಂಗಳ ಕೂಲಿಯ ಮುಂದೆ ಅದೆಷ್ಟರದು? ತವರಿನ ಬಾಣಂತನ ಮುಗಿಸಿ ಕೆಲಸಕ್ಕೆ ಇಳಿದವಳ ಕೂಸಿಗೆ ಹಗಲು ಹೊತ್ತು ಸಿಗುವುದು ಮನೆಯಲ್ಲಿ ಉಳಿದವರು ಕೊಟ್ಟದ್ದೇ.

ನಿಜವಾಗಿಯೂ ಹಾಲು ಸಾಲದ, ಕಾಯಿಲೆಯಿಂದ ಕುಡಿಸಲಾಗದ ತಾಯಂದಿರೂ ಇದ್ದಾರೆ. ಅವರಿಗೆ ಬೇಕಾದುದು ವೈದ್ಯರ ನೆರವು, ನೆಂಟರ ಚುಚ್ಚು ಮಾತಲ್ಲ. ಚೀಪಲಾರದ ಕೂಸಿಗೆ ತಾಯಿಯ ಹಾಲನ್ನೇ ಹಿಂಡಿ ಒಳಲೆಯಲ್ಲಿ ಕುಡಿಸಬಹುದು. ದಿನ ತುಂಬದೆ ಹುಟ್ಟಿದ ಮಕ್ಕಳಿಗಾಗಿ ಮುಂಬೈಯ ಸಯಾನ್ ಆಸ್ಪತ್ರೆಯಲ್ಲಿ 1989ರಲ್ಲೇ ಎದೆಹಾಲಿನ ಬ್ಯಾಂಕು ಆರಂಭವಾಯಿತು. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಗೂ 2022ರಲ್ಲಿ ಅಂಥದೊಂದು ಬಂತು.

ಆಸ್ಪತ್ರೆಯಲ್ಲಿ ಹೆತ್ತು ಮನೆಗೆ ಬಂದ ಬಾಣಂತಿಯನ್ನು ಆಶಾ ಕಾರ್ಯಕರ್ತೆ ಮೂರನೆಯ ದಿನದಿಂದ ನಲವತ್ತೆರಡನೆಯ ದಿನದವರೆಗೆ ಆರು ಬಾರಿ ಕಂಡು ಹೋಗಬೇಕೆಂಬ ನಿಯಮವಿದೆ. ಹಾಲಿನ ಅನುಮಾನವನ್ನೆಲ್ಲ ಆಕೆಯ ಬಳಿ ಕೇಳಬಹುದು. ಆದರೆ ಮೊದಲ ಗಂಟೆ ಅಷ್ಟರಲ್ಲಿ ಕಳೆದಿರುತ್ತದೆ. ಆ ಹೊತ್ತಿನಲ್ಲಿ ಬಾಣಂತಿಯ ಹತ್ತಿರ ಇರುವವರು ಅವಳ ತಾಯಿ, ಅತ್ತೆ, ದಾದಿ. ಸಕ್ಕರೆ ನೀರಿನ ಲೋಟ ಹುಡುಕುವ ಬದಲು ಕೂಸನ್ನೆತ್ತಿ ತಾಯಿಯ ಎದೆಗಿಡಬೇಕಾದವರೂ ಅವರೇ.