ಎಷ್ಟು ಕೊಡುತ್ತೆ?

ಹೊಸದಾಗಿ ಕೊಂಡ ಕಾರನ್ನು ಊರಿಗೆ ಒಯ್ದರೆ ಎದುರಾಗುವ ಮೊದಲ ಪ್ರಶ್ನೆ ‘ಎಷ್ಟು ಕೊಡುತ್ತೆ?’. ಬ್ರೇಕು, ಏರ್‌ಬ್ಯಾಗು, ಬಣ್ಣದ ಮಾತೆಲ್ಲ ಆಮೇಲೆ. ನಾಲ್ಕು ವರ್ಷದ ಹಿಂದೆ ಎರಡು ಲೀಟರ್ ಎಂಜಿನ್ನಿನ, ಆಟೊಮ್ಯಾಟಿಕ್ ಗೇರಿನ ಸೆಕೆಂಡ್ ಹ್ಯಾಂಡ್ ಡೀಸೆಲ್ ಸೆಡಾನ್ ತೆಗೆದುಕೊಂಡು ಅರಸೀಕೆರೆಗೆ ಹೋದಾಗ ಭಾವ ಬಾನೆಟ್ ಮೇಲೆ ಕೈಯಿಟ್ಟು ಕೇಳಿದ್ದೂ ಅದನ್ನೇ. ‘ಹದಿನೆಂಟು’ ಅಂದೆ. ‘ಪರವಾಗಿಲ್ವೇ, ಇಷ್ಟು ದೊಡ್ಡ ಗಾಡಿಗೆ!’ ಎಂದು ತಲೆದೂಗಿದರು. ನಾನು ಹೇಳಿದ್ದು ಹೆದ್ದಾರಿಯ ಲೆಕ್ಕ. ಬೆಂಗಳೂರಿನೊಳಗಿನ ಲೆಕ್ಕ ಕೇಳಿದ್ದರೆ ಹತ್ತೂವರೆ ಅನ್ನಬೇಕಿತ್ತು. ಅವರು ಕೇಳಲಿಲ್ಲ, ನಾನೂ ಬಾಯಿ ಬಿಡಲಿಲ್ಲ.

ಈ ವರ್ಗದ ಕಾರುಗಳ ಮೇಲೆ ನಮಗಿರುವ ಮೋಹಕ್ಕೆ ಕಾರಣವಿದೆ. ಸ್ಕೋಡಾ ಸೂಪರ್ಬ್, ಆಕ್ಟೇವಿಯಾ, ಆಡಿ ಎ4, ಬಿಎಂಡಬ್ಲ್ಯು 320ಡಿ, ಬೆಂಜ್ ಸಿ ಕ್ಲಾಸ್ ಇವೆಲ್ಲ ಹೊಸದಾಗಿದ್ದಾಗ ನಮ್ಮಂಥವರು ಗಾಜಿನಾಚೆ ನಿಂತು ನೋಡಿದಂಥವು. ಎಂಟು ಹತ್ತು ವರ್ಷ ಕಳೆದ ಮೇಲೆ ಅವೇ ಕಾರುಗಳು ಹೊಸ ಹ್ಯಾಚ್‌ಬ್ಯಾಕಿನ ಬೆಲೆಗೆ ಸಿಗುತ್ತವೆ. ಮೇಲೆ ಡೀಸೆಲ್, ಅಂದರೆ ‘ಮೈಲೇಜೂ ಇದೆ’. ಬಡ್ಡಿಯೂ ಇಲ್ಲದೆ ಅಸಲೂ ಕಡಿಮೆಯಾದ ಸಾಲದ ಹಾಗೆ ಕಾಣುತ್ತದೆ. ಈ ಮೋಹದ ಸುತ್ತ ಬೆಳೆದಿರುವ ನಂಬಿಕೆಗಳನ್ನು ನನ್ನ ಡೈರಿಯ ಅಂಕಿಗಳೊಡನೆ ಇಟ್ಟು ನೋಡೋಣ.

‘ಕಂಪನಿಯವರೇ ಇಪ್ಪತ್ತು ಅಂತ ಕೊಟ್ಟಿದ್ದಾರೆ’

ಕೊಟ್ಟಿದ್ದಾರೆ, ನಿಜ. ಆದರೆ ಆ ಕಾರು ರಸ್ತೆಯಲ್ಲಿ ಓಡಿರಲಿಲ್ಲ. ಭಾರತದಲ್ಲಿ ಘೋಷಿತ ಮೈಲೇಜ್ ಬರುವುದು ಪ್ರಯೋಗಾಲಯದಿಂದ. ಪುಣೆಯ ಎಆರ್‌ಎಐನಂಥ ಸಂಸ್ಥೆಯಲ್ಲಿ ಕಾರಿನ ಚಕ್ರಗಳನ್ನು ಉರುಳೆಗಳ ಮೇಲೆ ನಿಲ್ಲಿಸಿ, ಮೊದಲೇ ಗೊತ್ತುಪಡಿಸಿದ ವೇಗದ ನಕ್ಷೆಯಂತೆ ಸುಮಾರು 20 ನಿಮಿಷ ಓಡಿಸುತ್ತಾರೆ. ಈ ಪರೀಕ್ಷೆಯ ಗರಿಷ್ಠ ವೇಗ ಗಂಟೆಗೆ 90 ಕಿ.ಮೀ. ಎ.ಸಿ. ಆಫ್. ಉಬ್ಬು ಇಲ್ಲ, ಗುಂಡಿ ಇಲ್ಲ, ಅಡ್ಡ ಬರುವ ಆಟೋ ಇಲ್ಲ. ಇದರಲ್ಲಿ ಮೋಸವೇನೂ ಇಲ್ಲ. ಎಲ್ಲ ಕಾರುಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಮಾಡಿಕೊಂಡ ವ್ಯವಸ್ಥೆ ಅದು. ಎರಡು ಕಾರುಗಳನ್ನು ಹೋಲಿಸಲು ಆ ಸಂಖ್ಯೆ ಬಳಸಿ. ತಿಂಗಳ ಖರ್ಚು ಲೆಕ್ಕ ಹಾಕಲು ಬಳಸಬೇಡಿ.

ಡ್ಯಾಶ್‌ಬೋರ್ಡಿನ ಪರದೆ ತೋರಿಸುವ ಸಂಖ್ಯೆಯನ್ನೂ ಪೂರ್ತಿ ನಂಬುವಂತಿಲ್ಲ. ಎಂಜಿನ್ನಿಗೆ ಎಷ್ಟು ಇಂಧನ ಚಿಮ್ಮಿಸಲು ತಾನು ಹೇಳಿತೋ ಅದರ ಲೆಕ್ಕದಲ್ಲಿ ಕಂಪ್ಯೂಟರ್ ಮಾಡುವ ಅಂದಾಜು ಅದು, ಅಳೆದದ್ದಲ್ಲ. ನನ್ನ ಕಾರಿನ ಪರದೆ ಯಾವತ್ತೂ ಲೀಟರಿಗೆ ಒಂದು ಕಿಲೋಮೀಟರ್ ಹೆಚ್ಚೇ ಹೇಳುತ್ತದೆ. ಅಜ್ಜನ ಕಾಲದ ವಿಧಾನವೇ ಸರಿ: ಟ್ಯಾಂಕ್ ಫುಲ್ ಮಾಡಿಸಿ, ಮೀಟರ್ ಸೊನ್ನೆಗೆ ತಂದು, ಮತ್ತೆ ಅದೇ ಬಂಕಿನಲ್ಲಿ ಪೈಪು ತಾನಾಗಿ ಕಟ್ ಆಗುವ ತನಕ ತುಂಬಿಸಿ, ಓಡಿದ ದೂರವನ್ನು ತುಂಬಿದ ಲೀಟರಿನಿಂದ ಭಾಗಿಸುವುದು.

ಸರಾಸರಿ ತೆಗೆಯುವಾಗ ಓದಿದವರೂ ಎಡವುತ್ತಾರೆ. ಊರೊಳಗೆ 10.4, ಹೆದ್ದಾರಿಯಲ್ಲಿ 18, ಎರಡರಲ್ಲೂ ಸಮ ದೂರ ಓಡಿಸಿದರೆ ಸರಾಸರಿ 14.2 ಅಲ್ಲ, 13.2. ಊರೊಳಗಿನ ಪ್ರತಿ ಕಿಲೋಮೀಟರೂ ಹೆಚ್ಚು ಕುಡಿಯುವುದರಿಂದ ಒಟ್ಟು ಲೀಟರಿನಲ್ಲಿ ಅದರ ಪಾಲೇ ದೊಡ್ಡದು.

‘ಮಂಗಳೂರಿಗೆ ಹೋಗುವಾಗ ಹತ್ತೊಂಬತ್ತು ಬಂತು’

ಬರುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಮಂಗಳೂರು ಕಡಲ ಮಗ್ಗುಲಲ್ಲಿದೆ. ಜನ, ಸಾಮಾನು ಸೇರಿ 1,600 ಕಿಲೋ ತೂಗುವ ಕಾರನ್ನು ಅಷ್ಟು ಮೇಲಕ್ಕೆತ್ತಲು ಬೇಕಾಗುವ ಶಕ್ತಿ ಸುಮಾರು 14 ಮೆಗಾಜೂಲ್. ಒಂದು ಲೀಟರ್ ಡೀಸೆಲ್‌ನಲ್ಲಿ ಇರುವುದು 36 ಮೆಗಾಜೂಲ್. ಅದರಲ್ಲಿ ಮೂರನೇ ಒಂದು ಪಾಲಿಗಿಂತ ತುಸು ಹೆಚ್ಚು ಮಾತ್ರ ಚಕ್ರಕ್ಕೆ ಸಿಗುತ್ತದೆ ಎಂದಿಟ್ಟುಕೊಂಡರೂ, ಬೆಟ್ಟ ಹತ್ತಿದ್ದಕ್ಕೆಂದೇ ಒಂದು ಲೀಟರಿಗಿಂತ ಹೆಚ್ಚು ಡೀಸೆಲ್ ಖರ್ಚು. ಇಳಿಯುವಾಗ ಅದರಲ್ಲಿ ಒಂದಿಷ್ಟು ವಾಪಸ್ ಸಿಗುತ್ತದೆ, ಉಳಿದದ್ದು ಶಿರಾಡಿಯ ತಿರುವುಗಳಲ್ಲಿ ಬ್ರೇಕ್ ಕಾಯಿಸಲು ಹೋಗುತ್ತದೆ. ಹಾಸನ, ಸಕಲೇಶಪುರದ ಮೇಲಿನ ಸುಮಾರು 350 ಕಿ.ಮೀ. ಹಾದಿಯಲ್ಲಿ ನನಗೆ ಹೋಗುವಾಗ 18.9, ಬರುವಾಗ 17.2. ಹೋಗುವಾಗಿನದು ವಾಟ್ಸ್ಆ್ಯಪ್ ಸ್ಟೇಟಸ್ಸಿಗೆ ಏರುತ್ತದೆ. ಬರುವಾಗಿನದನ್ನು ಹಾಕಿದ ಪುಣ್ಯಾತ್ಮನನ್ನು ನಾನಿನ್ನೂ ಕಂಡಿಲ್ಲ.

ಘಾಟಿ ಇಳಿಯುವಾಗ ನ್ಯೂಟ್ರಲ್‌ಗೆ ಹಾಕಿದರೆ ಡೀಸೆಲ್ ಉಳಿಯುತ್ತದೆ ಎಂಬ ಮಾತು ಹಳೆಯ ಲಾರಿಗಳ ಕಾಲದ್ದು. ಈಗಿನ ಎಂಜಿನ್ನಿನಲ್ಲಿ ನಡೆಯುವುದು ಇದರ ತದ್ವಿರುದ್ಧ. ಗೇರಿನಲ್ಲಿಟ್ಟು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಇಂಧನ ಚಿಮ್ಮುವುದೇ ನಿಲ್ಲುತ್ತದೆ, ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತಿರುತ್ತವೆ. ನ್ಯೂಟ್ರಲ್‌ನಲ್ಲಿ ಮಾತ್ರ ಐಡ್ಲಿಂಗ್‌ಗೆ ಡೀಸೆಲ್ ಬೇಕು. ಎಂಜಿನ್ ಹಿಡಿತ ತಪ್ಪಿ ಎಲ್ಲ ಭಾರ ಬ್ರೇಕಿನ ಮೇಲೆ ಬೀಳುವುದಂತೂ ಬೇರೆ ಅಪಾಯ.

ಇನ್ನು ವೇಗ. ಗಾಳಿ ಒಡ್ಡುವ ತಡೆ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. 80ರಲ್ಲಿ ಹೋಗುವವನು 120ಕ್ಕೆ ಏರಿಸಿದರೆ ತಡೆ ಒಂದೂವರೆ ಪಟ್ಟಲ್ಲ, ಎರಡೂಕಾಲು ಪಟ್ಟಾಗುತ್ತದೆ. ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ 100ರ ಮಿತಿಯೊಳಗೆ ಹೋದ ದಿನಕ್ಕೂ ಕೆಂಗೇರಿ ದಾಟುತ್ತಲೇ ಕಾಲಿಗೆ ಸ್ವಾತಂತ್ರ್ಯ ಕೊಟ್ಟ ದಿನಕ್ಕೂ ನನ್ನ ಡೈರಿಯಲ್ಲಿ ಮೂರು ಕಿಲೋಮೀಟರ್ ಅಂತರವಿದೆ. ಕಾರು ಅದೇ, ಡ್ರೈವರೂ ಅವನೇ.

‘ಡೀಸೆಲ್ ಅಂದ್ರೆ ಉಳಿತಾಯ’

ಡೀಸೆಲ್ ಕಾರು ಲೀಟರಿಗೆ ಹೆಚ್ಚು ಓಡುವುದರಲ್ಲಿ ಎಂಜಿನ್ನಿನ ಹೆಚ್ಚುಗಾರಿಕೆ ಇರುವುದು ಹೌದು. ಗಾಳಿಯನ್ನು ಅದು ಹೆಚ್ಚು ಒತ್ತಿ ಹಿಂಡುತ್ತದೆ. ಪೆಟ್ರೋಲ್ ಎಂಜಿನ್ನಿನಂತೆ ಗಾಳಿಯ ಬಾಯಿಯನ್ನು ಅರ್ಧ ಮುಚ್ಚಿಕೊಂಡು ಏದುಸಿರು ಬಿಡುವುದಿಲ್ಲ. ಆದರೆ ಒಂದು ಪಾಲು ಬರೀ ಅಳತೆಯ ಮಹಿಮೆ. ಡೀಸೆಲ್ ಹೆಚ್ಚು ಸಾಂದ್ರವಾದ ದ್ರವ. ಒಂದು ಲೀಟರಿನಲ್ಲಿ ಪೆಟ್ರೋಲಿಗಿಂತ ಶೇ 10ಕ್ಕೂ ಮಿಕ್ಕಿ ಶಕ್ತಿ ತುಂಬಿರುತ್ತದೆ. ಕಿಲೋ ಲೆಕ್ಕದಲ್ಲಿ ಮಾರಿದ್ದರೆ ಈ ಹೊಗಳಿಕೆ ಅಷ್ಟರಮಟ್ಟಿಗೆ ಇಳಿಯುತ್ತಿತ್ತು.

ನಮ್ಮ ತಲೆಯಲ್ಲಿ ಕೂತಿರುವ ಡೀಸೆಲ್‌ನ ಅಗ್ಗತನ ಹಳೆಯ ನೆನಪು. 2012ರ ಮೇ ತಿಂಗಳಲ್ಲಿ ದೆಹಲಿಯಲ್ಲಿ ಪೆಟ್ರೋಲ್ 73 ರೂಪಾಯಿ ಚಿಲ್ಲರೆ, ಡೀಸೆಲ್ 41ರ ಆಸುಪಾಸು. ಸರ್ಕಾರ ಡೀಸೆಲ್ ಬೆಲೆಯನ್ನು ಕೆಳಗೆ ಹಿಡಿದಿಟ್ಟಿದ್ದ ಕಾಲ ಅದು. 2014ರ ಅಕ್ಟೋಬರಿನಲ್ಲಿ ಆ ನಿಯಂತ್ರಣ ಹೋಯಿತು. 2020ರ ಜೂನ್‌ನಲ್ಲಿ ದೆಹಲಿಯಲ್ಲಿ ಡೀಸೆಲ್ಲೇ ಪೆಟ್ರೋಲನ್ನು ದಾಟಿತ್ತು. ಕರ್ನಾಟಕ 2024ರ ಜೂನ್‌ನಲ್ಲಿ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 18.4ಕ್ಕೂ, 2025ರ ಏಪ್ರಿಲ್‌ನಲ್ಲಿ ಶೇ 21.17ಕ್ಕೂ ಏರಿಸಿತು. ಆ ಏರಿಕೆಯ ನಂತರ ಬೆಂಗಳೂರಿನಲ್ಲಿ ಡೀಸೆಲ್ 91 ರೂಪಾಯಿ, ಪೆಟ್ರೋಲ್ 103ರ ಹತ್ತಿರ.

ಈ ದರದಲ್ಲಿ ನನ್ನ ಲೆಕ್ಕ ಹೀಗೆ. ನನ್ನ ಓಡಾಟದಲ್ಲಿ ಅರ್ಧಕ್ಕಿಂತ ಹೆಚ್ಚು ಹೆದ್ದಾರಿ, ಹಾಗಾಗಿ ನಾಲ್ಕು ವರ್ಷದ ಸರಾಸರಿ 13.8. ಇದೇ ಗಾತ್ರದ ಪೆಟ್ರೋಲ್ ಆಟೊಮ್ಯಾಟಿಕ್‌ಗೆ 10 ಹಿಡಿಯೋಣ. ಕಿಲೋಮೀಟರಿಗೆ ಡೀಸೆಲ್ 6 ರೂಪಾಯಿ 60 ಪೈಸೆ, ಪೆಟ್ರೋಲ್ 10 ರೂಪಾಯಿ 30 ಪೈಸೆ. ಉಳಿಯುವುದು 3 ರೂಪಾಯಿ 70 ಪೈಸೆ. ನಾಲ್ಕು ವರ್ಷದಲ್ಲಿ ಓಡಿಸಿದ್ದು 48,000 ಕಿ.ಮೀ., ಉಳಿತಾಯ ಸುಮಾರು 1 ಲಕ್ಷ 78 ಸಾವಿರ. ಇದೇ ಅವಧಿಯಲ್ಲಿ ಎರಡು ಇಂಜೆಕ್ಟರ್, ಹೊಗೆಯ ಒಂದಿಷ್ಟನ್ನು ಎಂಜಿನ್ನಿಗೆ ಮರಳಿಸುವ ಇಜಿಆರ್ ವಾಲ್ವ್ ಒಂದು, ಟರ್ಬೊದ ಆ್ಯಕ್ಚುಯೇಟರ್ ಎಂದು ಡೀಸೆಲ್ ಬಾಬ್ತಿಗೇ ತೆತ್ತದ್ದು 1 ಲಕ್ಷ 40 ಸಾವಿರ. ಉಳಿದದ್ದು 38 ಸಾವಿರ, ಅಂದರೆ ತಿಂಗಳಿಗೆ 800 ರೂಪಾಯಿಗೂ ಕಡಿಮೆ. ಮಾಮೂಲಿ ಸರ್ವಿಸು, ಟೈರು ಲೆಕ್ಕಕ್ಕೆ ತಂದಿಲ್ಲ. ಅವು ಪೆಟ್ರೋಲಿಗೂ ಇದ್ದದ್ದೇ. ತಿಂಗಳಿಗೆ ಎರಡು ಸಾವಿರ ಕಿಲೋಮೀಟರ್ ತಿರುಗುವವರಿಗೆ ಈ ಲೆಕ್ಕ ಚೆನ್ನಾಗಿ ಕೂಡುತ್ತದೆ. ನನಗೆ ಅಷ್ಟಕ್ಕಷ್ಟೆ.

‘ಡೀಸೆಲ್ ಎಂಜಿನ್ ಅಂದ್ರೆ ಕಲ್ಲು’

ಅಂಬಾಸಡರ್, ಸುಮೊ, ಜೀಪುಗಳನ್ನು ಓಡಿಸಿದ ತಲೆಮಾರಿನ ಮಾತು ಇದು. ಆ ಕಾಲದ ಮಟ್ಟಿಗೆ ನಿಜ. ಈಗಿನ ಡೀಸೆಲ್‌ನಲ್ಲೂ ಎಂಜಿನ್ನಿನ ಕಬ್ಬಿಣ ಗಟ್ಟಿಯೇ. ಕೈಕೊಡುವುದು ಅದರ ಸುತ್ತ ಕೂತಿರುವ ಪರಿವಾರ. ಕಾಮನ್ ರೈಲ್ ವ್ಯವಸ್ಥೆ 1,600 ಬಾರ್, ಕೆಲವದರಲ್ಲಿ ಅದಕ್ಕೂ ಹೆಚ್ಚಿನ ಒತ್ತಡದಲ್ಲಿ ಡೀಸೆಲ್ ಚಿಮ್ಮಿಸುತ್ತದೆ. ಕಾರಿನ ಟೈರಿನಲ್ಲಿ ಇರುವುದು ಎರಡು ಬಾರ್‌ಗಿಂತ ಸ್ವಲ್ಪ ಹೆಚ್ಚು ಎಂದು ನೆನಪಿಟ್ಟುಕೊಂಡರೆ ಅಂದಾಜು ಸಿಕ್ಕೀತು. ಕೂದಲೆಳೆಯಷ್ಟು ರಂಧ್ರಗಳ ಇಂಜೆಕ್ಟರಿಗೆ ಚೂರು ನೀರು, ಚೂರು ಕಸ ಸಾಕು. ನೂರು ರೂಪಾಯಿ ಉಳಿಸಲು ಡೀಸೆಲ್ ಫಿಲ್ಟರ್ ಬದಲಿಸುವುದನ್ನು ಮುಂದೂಡಿದವರ ಹೆಸರು ಕೇಳಬೇಡಿ, ಅದರಲ್ಲಿ ನಾನೂ ಒಬ್ಬ.

‘ಚೈನ್ ಇದೆ, ಬೆಲ್ಟ್ ಅಲ್ಲ, ಆಯುಷ್ಯಪೂರ್ತಿ ಯೋಚನೆಯಿಲ್ಲ’ ಎಂದು ಡೀಲರು ಹೇಳಿದರೆ ಕಾರು ಯಾವುದೆಂದು ನೋಡಿ. ಬಿಎಂಡಬ್ಲ್ಯುವಿನ ಎನ್47 ಎಂಜಿನ್ನಿನ ಟೈಮಿಂಗ್ ಚೈನ್ ಸವೆಯುವುದು ಲೋಕಪ್ರಸಿದ್ಧ. ಆ ಚೈನು ಇರುವುದು ಎಂಜಿನ್ನಿನ ಹಿಂಬದಿಯಲ್ಲಿ, ಗೇರ್‌ಬಾಕ್ಸಿನ ಕಡೆಗೆ. ಕೈಹಾಕಬೇಕಾದರೆ ಅರ್ಧ ಕಾರು ಬಿಚ್ಚಬೇಕು. ಬೆಲ್ಟ್ ಇರುವ ಎಂಜಿನ್ನಿನಲ್ಲಿ ಕಡೇಪಕ್ಷ ಯಾವಾಗ ಬದಲಿಸಬೇಕೆಂದು ಪುಸ್ತಕದಲ್ಲೇ ಬರೆದಿರುತ್ತದೆ. ಗೇರ್‌ಬಾಕ್ಸಿನ ಎಣ್ಣೆಯ ಕತೆಯೂ ಹೀಗೇ: ಸ್ಕೋಡಾ, ಫೋಕ್ಸ್‌ವ್ಯಾಗನ್‌ಗಳ ಆರು ಗೇರಿನ ಡಿಎಸ್‌ಜಿಗೆ 60,000 ಕಿ.ಮೀ.ಗೊಮ್ಮೆ ಎಣ್ಣೆ ಬದಲಿಸಲೇಬೇಕು. ಬದಲಿಸಿದ ಬಿಲ್ ತೋರಿಸಿ ಅಂದಾಗ ಮಾರುವವರು ಮಾತು ಬದಲಿಸುತ್ತಾರೆ.

ಇಲ್ಲೇ ಇನ್ನೊಂದು ಭ್ರಮೆ. ಕಾರಿನ ಬೆಲೆ ಕಾಲು ಭಾಗಕ್ಕೆ ಇಳಿದ ಮಾತ್ರಕ್ಕೆ ಬಿಡಿಭಾಗದ ಬೆಲೆ ಇಳಿಯುವುದಿಲ್ಲ. ನೀವು 8 ಲಕ್ಷಕ್ಕೆ ಕೊಂಡಿರಬಹುದು. ಹೆಡ್‌ಲೈಟ್ ಒಡೆದಾಗ ಅದು ಮತ್ತೆ 30 ಲಕ್ಷದ ಕಾರೇ. ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಕೆಲವಕ್ಕೆ ಪರ್ಯಾಯ ಸಿಗುತ್ತದೆ, ಎಲ್ಲಕ್ಕೂ ಅಲ್ಲ. ಜೊತೆಗೆ ಫೋಕ್ಸ್‌ವ್ಯಾಗನ್ ಬಳಗ 2020ರ ಏಪ್ರಿಲ್‌ನಲ್ಲಿ ಬಿಎಸ್6 ಹೊಗೆ ನಿಯಮ ಬಂದಾಗ ಭಾರತದಲ್ಲಿ ಡೀಸೆಲ್ ಕಾರುಗಳನ್ನೇ ನಿಲ್ಲಿಸಿತು. ಹಳೆಯ ಡೀಸೆಲ್ ಆಕ್ಟೇವಿಯಾ ಎಂದರೆ ಇನ್ನು ಮುಂದೆ ಹಳೆಯದಾಗುತ್ತಲೇ ಹೋಗುವ ಡೀಸೆಲ್ ಆಕ್ಟೇವಿಯಾ.

‘ಬರೀ ನಲವತ್ತು ಸಾವಿರ ಓಡಿದೆ’

ಎಂಟು ವರ್ಷದ ಡೀಸೆಲ್ ಕಾರು 40,000 ಓಡಿದೆ ಎಂದರೆ ಎರಡು ಸಾಧ್ಯತೆ. ಒಂದು, ಯಾರೋ ಮೀಟರ್ ತಿರುಗಿಸಿದ್ದಾರೆ: ಸರ್ವಿಸ್ ದಾಖಲೆ, ಸವೆದ ಪೆಡಲ್ ರಬ್ಬರು, ಹೊಳಪೇರಿದ ಸ್ಟಿಯರಿಂಗ್ ಇವು ಬಾಯಿ ಬಿಡುತ್ತವೆ. ಇನ್ನೊಂದು, ನಿಜವಾಗಿಯೂ ಅಷ್ಟೇ ಓಡಿದೆ. ನನ್ನ ಮಟ್ಟಿಗೆ ಎರಡನೆಯದೂ ಖುಷಿಯ ಸಂಗತಿಯಲ್ಲ. ಜಯನಗರದಿಂದ ಎಂ.ಜಿ. ರಸ್ತೆಗೆ, ಅಲ್ಲಿಂದ ಮನೆಗೆ, ಎಂಜಿನ್ ಬಿಸಿಯೇರುವ ಮುಂಚೆ ಆಫ್. ಇಂಥ ಬದುಕಿನಲ್ಲಿ ಇಜಿಆರ್, ಇನ್‌ಟೇಕ್ ಎಲ್ಲ ಮಸಿ ಕಟ್ಟುತ್ತವೆ. ಬಿಎಸ್6 ಕಾರಾದರೆ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಬೇರೆ ಇರುತ್ತದೆ. ಹಿಡಿದ ಮಸಿಯನ್ನು ಅದು ಸುಮಾರು 600 ಡಿಗ್ರಿ ಬಿಸಿಯಲ್ಲಿ ಸುಟ್ಟುಕೊಳ್ಳಬೇಕು. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಆ ಬಿಸಿ ಎಲ್ಲಿಂದ ಬರಬೇಕು? ಹುಬ್ಬಳ್ಳಿ-ಬೆಂಗಳೂರು ನಡುವೆ ಓಡಾಡಿ 1,20,000 ದಾಟಿದ, ಬಿಲ್ಲುಗಳ ಫೈಲು ಜೊತೆಗಿರುವ ಕಾರು ನನಗೆ ಹೆಚ್ಚು ಇಷ್ಟ.

ಹೊಗೆಯ ಮಾತು ಬಂದದ್ದರಿಂದ ಇನ್ನೊಂದು ತಪ್ಪು ನಂಬಿಕೆ: 2015ರ ಫೋಕ್ಸ್‌ವ್ಯಾಗನ್ ಹಗರಣದಲ್ಲಿ ಮೈಲೇಜ್ ಸುಳ್ಳು ಹೇಳಿದ್ದರು ಎಂದುಕೊಂಡವರಿದ್ದಾರೆ. ಅದು ಮೈಲೇಜಿನದಲ್ಲ, ನೈಟ್ರೋಜನ್ ಆಕ್ಸೈಡ್ ಹೊಗೆಯದು. ಭಾರತದಲ್ಲೂ ಸುಮಾರು 3.23 ಲಕ್ಷ ಕಾರುಗಳನ್ನು ಸರಿಪಡಿಸಲು ವಾಪಸ್ ಕರೆದಿದ್ದರು.

‘ದಿಲ್ಲಿ ಗಾಡಿ, ಅರ್ಧ ರೇಟು’

ದೆಹಲಿ ಸುತ್ತಮುತ್ತ 10 ವರ್ಷ ದಾಟಿದ ಡೀಸೆಲ್ ವಾಹನಗಳಿಗೆ ತಡೆ ಬಿದ್ದದ್ದು ಹಸಿರು ನ್ಯಾಯಮಂಡಳಿಯ ಆದೇಶದಿಂದ, 2018ರಲ್ಲಿ ಸುಪ್ರೀಂ ಕೋರ್ಟೂ ಅದನ್ನು ಎತ್ತಿಹಿಡಿಯಿತು. 2025ರಲ್ಲಿ ಆ ವಿಷಯ ಮತ್ತೆ ಕೋರ್ಟಿನ ಮುಂದೆ ಬಂತು. ಆ ತಡೆ ಕರ್ನಾಟಕದಲ್ಲಿಲ್ಲ. ಇಲ್ಲಿ ನೋಂದಣಿ 15 ವರ್ಷದ್ದು, ಆಮೇಲೆ ಫಿಟ್‌ನೆಸ್ ಪರೀಕ್ಷೆ ಮಾಡಿಸಿ ನವೀಕರಣ. ಹಾಗಾಗಿ ಅಲ್ಲಿ ಬೆಲೆ ಕುಸಿದ ಕಾರುಗಳು ಇಲ್ಲಿಗೆ ಹರಿದು ಬರುತ್ತವೆ. ಆದರೆ ಕೆಎ ನಂಬರ್ ಬೇಕೆಂದರೆ ಎನ್‌ಒಸಿ ತರಿಸಿ ಇಲ್ಲಿನ ಜೀವಾವಧಿ ತೆರಿಗೆ ಕಟ್ಟಬೇಕು. 20 ಲಕ್ಷ ಮೀರಿದ ಕಾರಿಗೆ ಅದರ ದರ ಶೇ 18, ಮೇಲೆ ಸೆಸ್. ವಯಸ್ಸಿಗೆ ತಕ್ಕ ರಿಯಾಯಿತಿ ಇದೆ, ಆದರೆ ಲೆಕ್ಕ ಹಿಡಿಯುವುದು ನೀವು ಕೊಟ್ಟ ಬೆಲೆಯನ್ನಲ್ಲ, ಹೊಸದಾಗಿದ್ದಾಗಿನ ಬೆಲೆಯನ್ನು. ಉಳಿದ ಅರ್ಧ ರೇಟು ಹೋಗುವುದು ಆರ್‌ಟಿಒ ಕೌಂಟರಿನಲ್ಲಿ.

ಹೋದ ತಿಂಗಳು ಭಾವ ಫೋನ್ ಮಾಡಿದರು. ಬೆಂಗಳೂರಿನಲ್ಲಿ ಒಂಬತ್ತು ವರ್ಷದ ಡೀಸೆಲ್ ಸೆಡಾನ್ ಒಂದನ್ನು ನೋಡಿದ್ದರಂತೆ. ‘ತಿಂಗಳಿಗೆ ಎಷ್ಟು ಓಡಿಸ್ತೀರಿ ಭಾವ?’ ಅಂದೆ. ‘ವಾರಕ್ಕೆ ಎರಡು ಸಲ ತಿಪಟೂರು, ಆಮೇಲೆ ತೋಟ. ನಾನೂರು ಆದೀತು.’ ನಾನೂರಕ್ಕೆ ಉಳಿಯುವುದು ಒಂದೂವರೆ ಸಾವಿರ, ಒಂದು ಇಂಜೆಕ್ಟರ್ ಹೋದರೆ ಒಂದೂವರೆ ವರ್ಷದ ಉಳಿತಾಯ ಹೋಯಿತು ಎಂದು ಲೆಕ್ಕ ಒಪ್ಪಿಸಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ.

‘ಅದಿರ್ಲಿ, ನಿನ್ನದನ್ನ ಮಾರೋದಾದ್ರೆ ಮೊದಲು ನನಗೆ ಹೇಳು,’ ಎಂದರು.

‘ಎಷ್ಟು ಕೊಡುತ್ತೆ ಅಂತ ಕೇಳಲ್ವಾ?’

‘ಆ ಸೀಟಲ್ಲಿ ಕೂತು ನೋಡಿದೀನಲ್ಲ, ಬಿಡು.’