81 ವರ್ಷ ಕಾದ ಊರು

ಕೋಸ್ಟರಿಕಾದ ಕಾರ್ತಾಗೋ ಊರಿನ ಕ್ಲಬ್ ಸ್ಪೋರ್ಟ್ ಕಾರ್ತಹಿನೇಸ್ ಎಂಬ ಫುಟ್‌ಬಾಲ್ ತಂಡ 1940ರಲ್ಲಿ ದೇಶದ ಚಾಂಪಿಯನ್ ಆಯಿತು. ಮತ್ತೆ ಆ ಪಟ್ಟ ಸಿಕ್ಕಿದ್ದು 2022ರಲ್ಲಿ. ನಡುವೆ ಆ ಪುಟ್ಟ ದೇಶ ಒಂದು ಅಂತರ್ಯುದ್ಧ ಕಂಡಿತು, ತನ್ನ ಸೈನ್ಯವನ್ನೇ ವಿಸರ್ಜಿಸಿತು, ಐದು ವಿಶ್ವಕಪ್‌ಗಳಲ್ಲಿ ಆಡಿ ಬಂತು. ತಂಡ ಗೆದ್ದ ವರ್ಷ ಹುಟ್ಟಿದ ಮಗು ಮರಿಮಕ್ಕಳನ್ನು ಕಾಣುವ ವಯಸ್ಸಿಗೆ ಬಂತು. ಇಷ್ಟು ಕಾಲವೂ ಕಾರ್ತಾಗೋ ಊರಿನ ಜನ ತಮ್ಮ ತಂಡವನ್ನು ಬಿಟ್ಟು ದೊಡ್ಡ ತಂಡಗಳ ಕಡೆಗೆ ವಾಲಲಿಲ್ಲ. ಗೆಲ್ಲುವ ತಂಡಕ್ಕೆ ಅಭಿಮಾನಿಗಳು ಸುಲಭವಾಗಿ ಸಿಗುತ್ತಾರೆ. ಮೂರು ತಲೆಮಾರು ಗೆಲ್ಲದ ತಂಡಕ್ಕೆ ಅಭಿಮಾನಿಗಳು ಉಳಿದದ್ದು ಹೇಗೆ ಎಂದು ತಿಳಿಯಬೇಕಾದರೆ ಮೊದಲು ಊರನ್ನು ನೋಡಬೇಕು.

ಕಾರ್ತಾಗೋ ಒಂದು ಕಾಲದ ರಾಜಧಾನಿ. 1563ರಲ್ಲಿ ಸ್ಪೇನಿನವರು ಕಟ್ಟಿದ ಈ ಊರೇ ಸುಮಾರು ಎರಡೂವರೆ ಶತಮಾನ ಕೋಸ್ಟರಿಕಾದ ಆಡಳಿತದ ಕೇಂದ್ರವಾಗಿತ್ತು. ಸ್ವಾತಂತ್ರ್ಯ ಬಂದ ಹೊಸತರಲ್ಲಿ, 1823ರಲ್ಲಿ, ಓಚೊಮೋಗೊ ಎಂಬಲ್ಲಿ ಒಂದು ಸಣ್ಣ ಕಾಳಗ ನಡೆಯಿತು. ಅದರಲ್ಲಿ ಸೋತ ಕಾರ್ತಾಗೋ ರಾಜಧಾನಿಯ ಪಟ್ಟವನ್ನು ಸಾನ್ ಹೊಸೆಗೆ ಬಿಟ್ಟುಕೊಟ್ಟಿತು. ಕಳೆದುಕೊಂಡ ದೊಡ್ಡಸ್ತಿಕೆಯ ನೆನಪು ಆ ಊರಿನವರಲ್ಲಿ ಇಂದಿಗೂ ಇದೆ. ಹಳೆಯ ಮಹಾನಗರ ಎಂದೇ ಅದನ್ನು ಕರೆಯುತ್ತಾರೆ.

ಸಮುದ್ರಮಟ್ಟದಿಂದ 1,400 ಮೀಟರ್‌ಗೂ ಎತ್ತರದಲ್ಲಿರುವ ಊರು. ಬೆನ್ನಿಗೆ 3,432 ಮೀಟರ್ ಎತ್ತರದ ಇರಾಸು ಜ್ವಾಲಾಮುಖಿ. ಅದರ ಇಳಿಜಾರಿನ ಕಪ್ಪು ಮಣ್ಣಿನಲ್ಲಿ ಆಲೂಗಡ್ಡೆ, ಈರುಳ್ಳಿ ಹುಲುಸಾಗಿ ಬೆಳೆಯುತ್ತವೆ. ಬೇರೆ ಊರಿನವರು ಕಾರ್ತಾಗೋದವರನ್ನು ಆಲೂಗಡ್ಡೆಯವರು ಎಂದು ಛೇಡಿಸುವುದೂ ಇದಕ್ಕೇ. ಬೆಟ್ಟದಿಂದ ಇಳಿಯುವ ಮಂಜು ಊರನ್ನು ಆಗಾಗ ಮುಚ್ಚುತ್ತದೆ. ತಂಡಕ್ಕೆ 'ಮಂಜಿನವರು' ಎಂಬ ಅಡ್ಡಹೆಸರು ಬಂದದ್ದು ಹೀಗೆ. ಅವರ ಅಂಗಿಯ ಬಣ್ಣ ನೀಲಿ, ಬಿಳಿ.

ಕ್ಲಬ್ ಹುಟ್ಟಿದ್ದು 1906ರ ಜುಲೈ 1ರಂದು. ಇಂದು ದೇಶದ ಫುಟ್‌ಬಾಲನ್ನು ಆಳುವ ಮೂರು ದೊಡ್ಡ ಕ್ಲಬ್‌ಗಳಾದ ಅಲಹುವೆಲೆನ್ಸೆ, ಹೆರೆದಿಯಾನೊ, ಸಪ್ರಿಸ್ಸಾ ಆಗಿನ್ನೂ ಕಣ್ಣು ಬಿಟ್ಟಿರಲಿಲ್ಲ. ಕ್ಲಬ್‌ಗೆ ನಾಲ್ಕು ವರ್ಷ ತುಂಬುವ ಮೊದಲೇ, 1910ರ ಮೇ 4ರ ಸಂಜೆ, ಭೂಕಂಪದಲ್ಲಿ ಇಡೀ ಊರು ಕುಸಿಯಿತು. ನೂರಾರು ಮಂದಿ ಸತ್ತರು. ಆಂಡ್ರೂ ಕಾರ್ನೆಗಿ ಕೊಟ್ಟ ಹಣದಲ್ಲಿ ಎದ್ದಿದ್ದ ಮಧ್ಯ ಅಮೆರಿಕದ ನ್ಯಾಯಾಲಯದ ಭವನವೂ ನೆಲಕ್ಕೊರಗಿತು. ಬೇರೆ ಬೇರೆ ದೇಶಗಳ ತಕರಾರು ತೀರ್ಮಾನಿಸಲು ಈ ಊರಿನಲ್ಲಿ ಕೂರುತ್ತಿದ್ದ ಆ ನ್ಯಾಯಾಲಯವೂ ಬಳಿಕ ಸಾನ್ ಹೊಸೆಗೆ ಹೋಯಿತು. ಊರ ನಡುವೆ ಕಟ್ಟುತ್ತಿದ್ದ ಚರ್ಚಿನ ಕೆಲಸ ಅಲ್ಲಿಗೇ ನಿಂತಿತು. ಚಾವಣಿಯಿಲ್ಲದ ಅದರ ಕಲ್ಲಿನ ಗೋಡೆಗಳನ್ನು ಜನ ಕೆಡವಲಿಲ್ಲ. ಒಳಗೆ ಹೂದೋಟ ಮಾಡಿಕೊಂಡರು. ಊರಿನ ಹಬ್ಬ, ಸಭೆ, ಸಡಗರಗಳೆಲ್ಲ ಇಂದಿಗೂ ಆ ಗೋಡೆಗಳ ಮುಂದಿನ ಬಯಲಿನಲ್ಲೇ.

ಅಂಥ ಊರಿನಿಂದ ಎದ್ದ ತಂಡ 1923ರಲ್ಲಿ ಮೊದಲ ಸಲ ಚಾಂಪಿಯನ್ ಆಯಿತು. ರಾಷ್ಟ್ರೀಯ ಲೀಗ್ ಶುರುವಾಗಿ ಎರಡೇ ವರ್ಷವಾಗಿತ್ತು, ಎರಡನ್ನೂ ಹೆರೆದಿಯಾನೊ ಗೆದ್ದಿತ್ತು. 1936ರಲ್ಲಿ ಎರಡನೆಯ ಪಟ್ಟ, 1940ರಲ್ಲಿ ಮೂರನೆಯದು. ಹದಿನೇಳು ವರ್ಷದಲ್ಲಿ ಮೂರು ಸಲ ಗೆದ್ದ ತಂಡಕ್ಕೆ ನಾಲ್ಕನೆಯದು ಇಷ್ಟು ದೂರವಿದೆ ಎಂದು ಆಗ ಯಾರಿಗೂ ಅನ್ನಿಸಿರಲಾರದು.

ಸೋಲು ಹಳೆಯದಾದಂತೆ ಕಥೆಗಳು ಹುಟ್ಟಿಕೊಂಡವು. ಅವುಗಳಲ್ಲಿ ಎರಡು ಇಡೀ ದೇಶಕ್ಕೆ ಗೊತ್ತು. 1940ರ ಗೆಲುವಿನ ಅಮಲಿನಲ್ಲಿ ಆಟಗಾರರು ಕುದುರೆ ಏರಿ ದೇವಮಾತೆಯ ಬೆಸಿಲಿಕಾದೊಳಗೇ ನುಗ್ಗಿದರಂತೆ, ಸಿಟ್ಟಿಗೆದ್ದ ಪಾದ್ರಿ ಇನ್ನು ನೀವು ಗೆಲ್ಲುವುದಿಲ್ಲ ಎಂದು ಶಪಿಸಿದರಂತೆ. ಇನ್ನೊಂದು ಕಥೆಯ ಪ್ರಕಾರ ಯಾರೋ ಮಾಟ ಮಾಡಿದ ಗೊಂಬೆಯೊಂದನ್ನು ಕ್ಲಬ್‌ನ ಮೈದಾನದಲ್ಲಿ ಹೂತಿದ್ದಾರೆ, ಅದನ್ನು ಅಗೆದು ತೆಗೆಯುವ ತನಕ ಗೆಲುವಿಲ್ಲ. ಆ ಮೈದಾನಕ್ಕೆ ಹೊಸೆ ರಫಾಯೆಲ್ ಮೇಸಾ ಅವರ ಹೆಸರು. ಮೆಕ್ಸಿಕೊದ ಕ್ಲಬ್‌ಗಳಲ್ಲೂ ಆಡಿ ಹೆಸರು ಮಾಡಿದ್ದ ಅವರನ್ನು ಊರವರು ಪ್ರೀತಿಯಿಂದ ಫೆಯೊ ಎನ್ನುತ್ತಿದ್ದರು. ಸ್ಟೇಡಿಯಂ ಕೂಡ ಜನರ ಬಾಯಲ್ಲಿ ಫೆಯೊ ಮೇಸಾ.

ಕುದುರೆಯ ಕಥೆ ಈ ಊರಿನ ಜನರನ್ನು ಏಕೆ ಅಷ್ಟು ಚುಚ್ಚುತ್ತದೆ ಎಂಬುದು ಆ ಬೆಸಿಲಿಕಾದಲ್ಲಿ ನಿಂತು ನೋಡಿದವರಿಗೆ ತಿಳಿಯುತ್ತದೆ. 1635ರ ಆಗಸ್ಟ್ 2ರಂದು ಹುವಾನಾ ಪೆರೇರಾ ಎಂಬ ಬಡ ಹುಡುಗಿಗೆ ಬಂಡೆಯೊಂದರ ಮೇಲೆ ಕಪ್ಪು ಕಲ್ಲಿನ ದೇವಮಾತೆಯ ಮೂರ್ತಿ ಸಿಕ್ಕಿತೆಂದು ನಂಬಿಕೆ. ಮೂರ್ತಿ ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣದು. ಕೋಸ್ಟರಿಕಾದವರು ಅದನ್ನು ಅಕ್ಕರೆಯಿಂದ ಲಾ ನೆಗ್ರೀತಾ ಎಂದು ಕರೆಯುತ್ತಾರೆ, ಅವಳೇ ದೇಶದ ಕಾವಲು ದೇವತೆ. ಪ್ರತಿ ಆಗಸ್ಟ್‌ನಲ್ಲಿ ಲಕ್ಷಗಟ್ಟಲೆ ಜನ ಸಾನ್ ಹೊಸೆಯಿಂದ ಇಪ್ಪತ್ತು ಕಿಲೋಮೀಟರ್‌ಗೂ ಹೆಚ್ಚು ದೂರ ನಡೆದು ಬರುತ್ತಾರೆ. ಬಾಗಿಲಿನಿಂದ ಪೀಠದವರೆಗೆ ಮಂಡಿಯೂರಿಕೊಂಡೇ ಸಾಗುತ್ತಾರೆ. ಹರಕೆ ತೀರಿಸಲು ಲೋಹದ ಪುಟ್ಟ ಕೈ, ಕಾಲು, ಕಣ್ಣು, ಹೃದಯಗಳನ್ನು ಅರ್ಪಿಸುತ್ತಾರೆ. ಕಾಲು ನೋವು ವಾಸಿಯಾದವನು ಬೆರಳುದ್ದದ ಕಾಲೊಂದನ್ನು ತಂದು ಒಪ್ಪಿಸುತ್ತಾನೆ. ಜನ ಮಂಡಿಯೂರಿ ಬರುವ ಜಾಗಕ್ಕೆ ನಮ್ಮವರು ಕುದುರೆ ಏರಿ ಹೋದರು ಎಂಬ ಕಥೆಯಲ್ಲಿ ಬೇರೆಯವರಿಗೆ ನಗು ಕಾಣಬಹುದು. ಕಾರ್ತಾಗೋದವರಿಗೆ ಅದು ತಪ್ಪೊಪ್ಪಿಗೆ.

ನನಗಂತೂ ಶಾಪದ ಕಥೆ ಇನ್ನೊಂದು ಸತ್ಯವನ್ನು ಮರೆಮಾಡಿತು ಅನ್ನಿಸುತ್ತದೆ. ಕೋಸ್ಟರಿಕಾದ ಫುಟ್‌ಬಾಲ್‌ನಲ್ಲಿ ಹಣ, ಜಾಹೀರಾತು, ಒಳ್ಳೆಯ ಆಟಗಾರರು ಎಲ್ಲವೂ ಆ ಮೂರು ದೊಡ್ಡ ಕ್ಲಬ್‌ಗಳ ಕೈಗೆ ಸೇರುತ್ತಾ ಹೋದವು. ಸಪ್ರಿಸ್ಸಾ 1972ರಿಂದ 1977ರವರೆಗೆ ಸತತ ಆರು ಸಲ ಚಾಂಪಿಯನ್ ಆಯಿತು. ಸಣ್ಣ ಊರಿನ ಕ್ಲಬ್ ಒಬ್ಬ ಹುಡುಗನನ್ನು ತಿದ್ದಿ ತೀಡಿ ಆಡಲು ಬಿಟ್ಟರೆ ಎರಡು ವರ್ಷದಲ್ಲಿ ಅವನು ದೊಡ್ಡ ಕ್ಲಬ್‌ನ ಅಂಗಿಯಲ್ಲಿರುತ್ತಾನೆ. ಇದು ಎಲ್ಲ ದೇಶಗಳ ಸಣ್ಣ ಕ್ಲಬ್‌ಗಳ ಪಾಡು, ಇದಕ್ಕೆ ಮಾಟದ ಗೊಂಬೆಯ ಅಗತ್ಯವಿಲ್ಲ. ಊರಿಗೂ ಅಂಥ ಸುಖದ ದಿನಗಳೇನಿರಲಿಲ್ಲ. 1963ರ ಮಾರ್ಚ್‌ನಲ್ಲಿ ಇರಾಸು ಬೂದಿ ಉಗುಳಲು ಶುರುಮಾಡಿ ಎರಡು ವರ್ಷ ನಿಲ್ಲಲಿಲ್ಲ. ಅದೇ ಡಿಸೆಂಬರ್‌ನಲ್ಲಿ ರೆವೆಂತಾದೊ ನದಿ ಬೂದಿ, ಕೆಸರು, ಬಂಡೆಗಳನ್ನು ಹೊತ್ತು ತಂದು ಊರಿನ ಅಂಚಿನ ನೂರಾರು ಮನೆಗಳನ್ನು ಕೊಚ್ಚಿತು. 1980ರ ದಶಕದ ಆರಂಭದಲ್ಲಿ ಕ್ಲಬ್ ಎರಡನೇ ದರ್ಜೆಗೂ ಇಳಿಯಿತು, ಬೇಗನೆ ಎದ್ದು ಮರಳಿತು.

ಈ ಬರಗಾಲದ ನಡುವೆಯೇ ಒಂದು ಅಚ್ಚರಿ ನಡೆದಿದೆ, ಅದನ್ನು ಹೊರಗಿನವರು ಅಷ್ಟಾಗಿ ನೆನೆಯುವುದಿಲ್ಲ. ಸ್ವಂತ ದೇಶದಲ್ಲಿ ಗೆಲ್ಲಲಾಗದ ಕಾರ್ತಹಿನೇಸ್ ಇಡೀ ಖಂಡದ ಚಾಂಪಿಯನ್ ಆಗಿತ್ತು! ಉತ್ತರ ಮತ್ತು ಮಧ್ಯ ಅಮೆರಿಕ, ಕೆರಿಬಿಯನ್ ದೇಶಗಳ ಕ್ಲಬ್‌ಗಳು ಸೆಣಸುವ ಕಾನ್ಕಕಾಫ್ ಚಾಂಪಿಯನ್ಸ್ ಕಪ್‌ನ 1994ರ ಆವೃತ್ತಿಯ ಫೈನಲ್ ನಡೆದದ್ದು 1995ರ ಫೆಬ್ರವರಿಯಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಎದುರಿಗೆ ಮೆಕ್ಸಿಕೊದ ಅತ್ಲಾಂತೆ. ಕಾರ್ತಹಿನೇಸ್ 3–2ರಿಂದ ಗೆದ್ದಿತು. ಆ ಗೆಲುವಿನಿಂದಾಗಿ ದಕ್ಷಿಣ ಅಮೆರಿಕದ ಚಾಂಪಿಯನ್, ಅರ್ಜೆಂಟೀನಾದ ವೆಲೆಸ್ ಸಾರ್ಸ್‌ಫೀಲ್ಡ್ ಜತೆ ಇಂಟರ್‌ಅಮೆರಿಕಾನಾ ಕಪ್‌ಗೆ ಆಡುವ ಅವಕಾಶವೂ ಸಿಕ್ಕಿತು. ಟೋಕಿಯೊದಲ್ಲಿ ಎಸಿ ಮಿಲಾನ್ ತಂಡವನ್ನು ಮಣಿಸಿ ಬಂದಿದ್ದ ವೆಲೆಸ್ ಎದುರು ಒಂದು ಪಂದ್ಯವನ್ನು ಗೋಲಿಲ್ಲದೆ ಸಮ ಮಾಡಿಕೊಂಡು, ಇನ್ನೊಂದನ್ನು 0–2ರಿಂದ ಸೋತರು. ಶಾಪಗ್ರಸ್ತರೆಂದು ಹೆಸರಾದ ತಂಡದ ಕಪಾಟಿನಲ್ಲಿ ಖಂಡದ ಕಪ್ ಇತ್ತೆಂಬುದನ್ನು ಒತ್ತಿ ಹೇಳಬೇಕು.

ಮನೆಯಲ್ಲಿ ಮಾತ್ರ ನೋವು ಮುಂದುವರಿಯಿತು. 2013ರಲ್ಲಿ ಹೆರೆದಿಯಾನೊ ವಿರುದ್ಧದ ಫೈನಲ್ ಪೆನಾಲ್ಟಿ ಶೂಟೌಟ್‌ವರೆಗೆ ಹೋಗಿ ಕೈತಪ್ಪಿತು. ಆ ಕಾಲದ ತಂಡದಲ್ಲಿ ರಾಂಡಾಲ್ ಬ್ರೇನೆಸ್ ಇದ್ದರು. ಅದೇ ಊರಲ್ಲಿ ಹುಟ್ಟಿದವರು, ಜನರಿಗೆ 'ಚೀಕಿ'. ಮರುವರ್ಷ ಬ್ರೆಜಿಲ್ ವಿಶ್ವಕಪ್‌ನಲ್ಲಿ ಇಟಲಿ, ಇಂಗ್ಲೆಂಡ್, ಉರುಗ್ವೆಗಳಿದ್ದ ಗುಂಪಿನಲ್ಲಿ ಮೊದಲಿಗರಾಗಿ ಕ್ವಾರ್ಟರ್ ಫೈನಲ್ ತಲುಪಿದ ಕೋಸ್ಟರಿಕಾ ತಂಡದಲ್ಲೂ ಅವರಿದ್ದರು. ಜಗತ್ತನ್ನು ಬೆರಗುಗೊಳಿಸಿದ ಆ ತಂಡದ ಆಟಗಾರ ಹುಟ್ಟೂರಿಗೆ ಒಂದು ಲೀಗ್ ಪಟ್ಟ ತಂದುಕೊಡಲಾಗದೆ ನಿವೃತ್ತರಾದರು. ಈ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಸಂಕಟವಾಗುವುದು ಇಲ್ಲಿ.

2022ರ ಮೊದಲಾರ್ಧದ ಟೂರ್ನಿಯ ಹೊತ್ತಿಗೆ ತರಬೇತುದಾರ ಹೈನರ್ ಸೆಗೂರಾ. ಮುಂಚೂಣಿಯಲ್ಲಿ ಕ್ಯೂಬಾದ ಮಾರ್ಸೆಲ್ ಎರ್ನಾಂಡೆಸ್. ಈ ಊರಲ್ಲೇ ಗೋಲುಗಳ ಸುರಿಮಳೆಗರೆದು ಹೆಸರು ಮಾಡಿ, ಅಲಹುವೆಲೆನ್ಸೆಗೆ ಹೋಗಿ, ಮತ್ತೆ ಇಲ್ಲಿಗೆ ಮರಳಿದ್ದವರು. ಫೈನಲ್‌ನಲ್ಲಿ ಎದುರಾದದ್ದೂ ಅದೇ ಅಲಹುವೆಲೆನ್ಸೆ. ಎರಡು ಪಂದ್ಯಗಳ ಒಟ್ಟು ಲೆಕ್ಕ 2–1. ಕೊನೆಯ ಸೀಟಿ ಊದಿದ್ದು ಎದುರಾಳಿಯ ಊರಾದ ಅಲಹುವೆಲಾದಲ್ಲಿ, ಬೀದಿಗಿಳಿದು ಅತ್ತದ್ದು ಕಾರ್ತಾಗೋ. ಅಪ್ಪ ಅಂಗಿ ತೊಡಿಸಿ ಸ್ಟೇಡಿಯಂಗೆ ಕರೆತಂದಿದ್ದ ಮಕ್ಕಳೇ ಅಜ್ಜಂದಿರಾಗಿದ್ದರು, ಅಪ್ಪಂದಿರು ಇದನ್ನು ನೋಡದೆ ಹೋಗಿದ್ದರು.

ಮೈದಾನದಡಿಯಿಂದ ಯಾವ ಗೊಂಬೆಯನ್ನೂ ಅಗೆದು ತೆಗೆದು ಗೆದ್ದದ್ದಲ್ಲ. ಒಳ್ಳೆಯ ಗೋಲುಗಾರನನ್ನು ವಾಪಸು ಕರೆಸಿಕೊಂಡು, ರಕ್ಷಣೆ ಗಟ್ಟಿ ಮಾಡಿಕೊಂಡು, ಎರಡು ಪಂದ್ಯ ಚೆನ್ನಾಗಿ ಆಡಿ ಗೆದ್ದರು. ಇದರಿಂದ ಅಭಿಮಾನಿಗಳಿಗೆ ಒಂದು ಹಕ್ಕು ಸಿಕ್ಕಿದೆ. ಸೋತಾಗ ಇನ್ನು ಪಾದ್ರಿಯನ್ನೋ ಕುದುರೆಯನ್ನೋ ದೂರಬೇಕಿಲ್ಲ. ಆ ಹುಡುಗನನ್ನು ಏಕೆ ಮಾರಿದಿರಿ, ಎಡ ಅಂಚಿಗೆ ಆಟಗಾರನನ್ನು ಏಕೆ ತರಲಿಲ್ಲ ಎಂದು ಫೆಯೊ ಮೇಸಾದ ಗ್ಯಾಲರಿಯಿಂದ ಆಡಳಿತ ಮಂಡಳಿಯನ್ನೇ ನೇರವಾಗಿ ಕೇಳಬಹುದು.